ಹೆಚ್ಚಿದ ಮೂರನೇ ಸಂಪುಟ

ನಮ್ಮ ಸಾರ್ವಜನಿಕ ಗ್ರಂಥಾಲಯದಲ್ಲಿ 'ವಿನಯ ವಿಧಾನ' ಎಂಬ ಪುಸ್ತಕದ ಆರುನೂರು ಪ್ರತಿಗಳಿವೆ. ಬರೆದವರು ನಮ್ಮ ಇಲಾಖೆಯ ನಿರ್ದೇಶಕರು. ಪುಸ್ತಕ ಆಯ್ಕೆ ಸಮಿತಿಯ ಅಧ್ಯಕ್ಷರೂ ಅವರೇ. ಸಮಿತಿಯವರು ಪುಸ್ತಕವನ್ನು ತೆರೆದು ನೋಡದೆ ಆಯ್ಕೆ ಮಾಡಿದರು. ಹಿರಿಯರು ಬರೆದದ್ದನ್ನು ಅವರ ಎದುರಿಗೇ ತೆರೆದು ಪರೀಕ್ಷಿಸುವುದು ಅವಿನಯವೆಂದು ಅದರ ಹದಿನೇಳನೇ ಪುಟದಲ್ಲಿದೆಯಂತೆ. ಹಾಗೆಂದು ನಿರ್ದೇಶಕರೇ ತಿಳಿಸಿದರು.

ಒಂದು ಪುಸ್ತಕಕ್ಕೆ ಓದುಗರ ಸಾವಿರ ಅಭಿಪ್ರಾಯಗಳು ಬಂದರೆ ಅದರ ಲೇಖಕರಿಗೆ ಪ್ರಶಸ್ತಿ ಕೊಡಬಹುದೆಂಬ ನಿಯಮ ಇಲಾಖೆಯಲ್ಲಿದೆ. ಆ ನಿಯಮವನ್ನು ಪುಸ್ತಕ ಅಚ್ಚಾದ ವಾರವೇ ಮಾಡಲಾಯಿತು. ಆದರೆ ಆರು ತಿಂಗಳಾದರೂ ಅಭಿಪ್ರಾಯ ಬಂದದ್ದು ಒಂದೇ. ಅದೂ ನಿರ್ದೇಶಕರ ತಂಗಿಯದು, ಅದರಲ್ಲೂ ಅಣ್ಣನಿಗೆ ಈ ವಿಷಯ ಎಲ್ಲಿಂದ ಗೊತ್ತಾಯಿತೆಂಬ ಆಶ್ಚರ್ಯವಿತ್ತೇ ಹೊರತು ಬೇರೇನೂ ಇರಲಿಲ್ಲ. ಆದ್ದರಿಂದ ಹೊಸ ಆದೇಶ ಹೊರಟಿತು. 'ವಿನಯ ವಿಧಾನ'ವನ್ನು ಓದಿ, ನಿಗದಿತ ನಮೂನೆಯಲ್ಲಿ ಅಭಿಪ್ರಾಯ ಬರೆದುಕೊಟ್ಟು, ಅದು ಅಂಗೀಕಾರವಾಗುವ ತನಕ ಯಾವ ಸದಸ್ಯರಿಗೂ ಬೇರೆ ಪುಸ್ತಕವನ್ನು ಎರವಲು ಕೊಡತಕ್ಕದ್ದಲ್ಲ.

ನಾನು ಎರವಲು ವಿಭಾಗದ ಗುಮಾಸ್ತ. ನಮೂನೆಗಳು ನನ್ನ ಕೈಯಿಂದಲೇ ಹೋಗಿ ನನ್ನ ಕೈಗೇ ಬರುತ್ತಿದ್ದವು.

ಓದುಗರು ಮನಸ್ಸು ಬಿಚ್ಚಿ ಬರೆದರು. ಒಬ್ಬ ಗೃಹಿಣಿ ಬರೆದದ್ದು ಹೀಗಿತ್ತು: "ಊಟ ಮಾಡುವಾಗ ಮಾತಾಡಬಾರದೆಂದು ಎಂಬತ್ತೆಂಟನೇ ಪುಟದಲ್ಲಿದೆ. ನಮ್ಮ ಅತ್ತೆಗೆ ಓದಿ ಹೇಳಿದೆ. ಅಂದಿನಿಂದ ಅವರು ಊಟ ಆದ ಮೇಲೂ ಮಾತು ಬಿಟ್ಟಿದ್ದಾರೆ. ಲೇಖಕರಿಗೆ ಅನಂತ ಕೃತಜ್ಞತೆಗಳು." ಹಲ್ಲಿನ ಡಾಕ್ಟರೊಬ್ಬರು, ರೋಗಿಗಳು ಕಾಯುವ ಕೋಣೆಯಲ್ಲಿ ಪುಸ್ತಕ ಇಟ್ಟಿದ್ದಾಗಿಯೂ, ನಾಲ್ಕು ಪುಟ ಓದಿದವರು ನೋವು ವಾಸಿಯಾಯಿತೆಂದು ಎದ್ದು ಹೋಗುತ್ತಿರುವುದರಿಂದ ತಮಗೆ ನಷ್ಟವಾಗುತ್ತಿರುವುದಾಗಿಯೂ ತಿಳಿಸಿದರು. ಬಡಗಿಯೊಬ್ಬ ಪುಸ್ತಕದ ದಪ್ಪವನ್ನು ಮೆಚ್ಚಿ, ಕುಂಟುವ ಮೇಜಿನ ಕಾಲಿಗೆ ಹೇಳಿ ಮಾಡಿಸಿದ ಹಾಗಿದೆ ಎಂದಿದ್ದ. ಇವೆಲ್ಲ ಅಂಗೀಕಾರವಾದವು.

ತೊಂದರೆ ಶುರುವಾದದ್ದು ಮೀಟರಣ್ಣನಿಂದ.

ಮೀಟರಣ್ಣ ನಮ್ಮ ಪಕ್ಕದ ಮನೆಯವರು. ಮೂವತ್ತನಾಲ್ಕು ವರ್ಷ ಮನೆಮನೆಗೆ ಹೋಗಿ ವಿದ್ಯುತ್ ಮೀಟರ್ ನೋಡಿ ಬರೆದುಕೊಂಡು ಬಂದು ನಿವೃತ್ತರಾದವರು. ಅವರ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತೇನೆ. ಅತ್ತಿಗೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಕಣ್ಣೂ ಮಂಜು. ಆದ್ದರಿಂದ ಮೀಟರಣ್ಣ ದಿನಾ ಮಧ್ಯಾಹ್ನ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಒಂದು ಪತ್ತೇದಾರಿ ಕಾದಂಬರಿಯನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಮೂರು ಸಂಪುಟದ ಕಾದಂಬರಿ. ನಡುವಿನ ಗೋಡೆ ತೆಳ್ಳಗಿದ್ದುದರಿಂದ ರಜೆಯ ದಿನಗಳಲ್ಲಿ ನಾನೂ ಕೇಳುತ್ತಿದ್ದೆ. ಹೋಟೆಲೊಂದರಲ್ಲಿ ಕೊಲೆಯಾಗಿದೆ. ಅನುಮಾನ ಐವರ ಮೇಲೆ: ಡಾಕ್ಟರು, ಅಡುಗೆಯವ, ಹೋಟೆಲಿನ ಯಜಮಾನ, ಮೂಕ ಮಾಲಿ ಮತ್ತು ಸತ್ತವನ ಷಡ್ಡಕ. ಎರಡನೇ ಸಂಪುಟದ ಕೊನೆಯ ಸಾಲಿನಲ್ಲಿ ಪತ್ತೇದಾರ ಎದ್ದು ನಿಂತು "ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ. ಅವನು" ಎನ್ನುವಷ್ಟಕ್ಕೆ ಸಂಪುಟ ಮುಗಿಯುತ್ತದೆ.

ಸಂಪುಟ ಮುಗಿದ ಮರುದಿನವೇ ಹೊಸ ಆದೇಶ ಜಾರಿಗೆ ಬಂದದ್ದು. ಮೀಟರಣ್ಣ ತಕರಾರು ಮಾಡದೆ 'ವಿನಯ ವಿಧಾನ' ಒಯ್ದರು, ನಾನೂರ ಹನ್ನೆರಡು ಪುಟವನ್ನೂ ಓದಿದರು, ನಮೂನೆ ತುಂಬಿದರು. ಅಭಿಪ್ರಾಯದ ಅಂಕಣದಲ್ಲಿ ಇದ್ದದ್ದು ಎರಡೇ ಪದ: "ಓದಿದೆ. ಚೆನ್ನಾಗಿಲ್ಲ."

ವಾರದೊಳಗೆ ಅದು ಮೇಲಿನ ಕಚೇರಿಯಿಂದ ಕೆಂಪು ಗುರುತು ಹೊತ್ತು ಹಿಂದಿರುಗಿತು.

"ಅಣ್ಣ, ನಿಮ್ಮ ಅಭಿಪ್ರಾಯ ವಾಪಸ್ ಬಂದಿದೆ," ಎಂದೆ.

"ಯಾಕೆ, ಕಾಗುಣಿತ ತಪ್ಪಿತ್ತಾ?"

"ಕಾಗುಣಿತ ಸರಿ ಇದೆ. ವಿನಯ ಸಾಲದಂತೆ."

"ಬರೆದಿರೋದೇ ಎರಡು ಪದ ಕಣಪ್ಪ. ಅದರಲ್ಲಿ ವಿನಯ ಎಲ್ಲಿ ತುರುಕಲಿ? ಮೀಟರ್‌ನಲ್ಲಿ ನೂರು ಇದ್ದರೆ ನೂರು ಅಂತ ಬರೀಬೇಕು. ಆ ಮನೆಯೋರು ಕಾಫಿ ಕೊಟ್ಟರು ಅಂತ ತೊಂಬತ್ತು ಅಂತ ಬರೆಯೋಕಾಗುತ್ತಾ?"

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆ ಮೀಟರಣ್ಣನಿಗೆ ಗೊತ್ತಿರಲಿಲ್ಲವೆಂದಲ್ಲ. ಅವರು ಅದನ್ನು ಬೇರೆಯವರಿಗೆ ಸಂಬಂಧಿಸಿದ್ದೆಂದು ತಿಳಿದಿದ್ದರು.

ಪ್ರಕರಣದ ಪರಿಶೀಲನೆಗೆ ಇಲಾಖೆಯು ವ್ಯಾಕರಣದ ಮೇಷ್ಟ್ರೊಬ್ಬರನ್ನು ನೇಮಿಸಿತು. ಮೇಷ್ಟ್ರು ಹನ್ನೊಂದು ದಿನ ಯೋಚಿಸಿ ವರದಿ ಕೊಟ್ಟರು. ದೋಷ ಓದುಗನದಲ್ಲ, 'ಇಲ್ಲ' ಎಂಬ ಪದದ್ದು. ಅದಕ್ಕೆ ಲಿಂಗವಿಲ್ಲ, ವಚನವಿಲ್ಲ, ಏಕವಚನ ಬಹುವಚನವೆಂಬ ಮರ್ಯಾದೆಯಿಲ್ಲ. ಜವಾನನೂ ಇಲ್ಲ, ನಿರ್ದೇಶಕರೂ ಇಲ್ಲ, ಬೆಕ್ಕೂ ಇಲ್ಲ. ಇಂಥ ಸಮಾನತೆ ಕಚೇರಿಯ ಶಿಸ್ತಿಗೆ ಮಾರಕ. ಹಿಂದಿನವರು ಇದನ್ನು ಬಲ್ಲವರಾಗಿದ್ದರು. ಬಳೆ ಒಡೆದರೆ "ಹೆಚ್ಚಿತು" ಎನ್ನುತ್ತಿದ್ದರು. ಡಬ್ಬಿಯಲ್ಲಿ ಅಕ್ಕಿ ಮುಗಿದರೂ "ಹೆಚ್ಚಿದೆ" ಎನ್ನುತ್ತಿದ್ದರೇ ವಿನಾ ಆ ಇನ್ನೊಂದು ಪದವನ್ನು ಬಾಯಿಗೆ ತರುತ್ತಿರಲಿಲ್ಲ.

ನಿರ್ದೇಶಕರು ವರದಿಯನ್ನು ಒಪ್ಪಿ ಸುತ್ತೋಲೆ ಹೊರಡಿಸಿದರು: "ಇನ್ನು ಮುಂದೆ ಇಲಾಖೆಯ ಸಮಸ್ತ ವ್ಯವಹಾರಗಳಲ್ಲಿ, ಲಿಖಿತವಾಗಲಿ ಮೌಖಿಕವಾಗಲಿ, 'ಇಲ್ಲ' ಎಂಬುದರ ಬದಲಿಗೆ 'ಹೆಚ್ಚಿದೆ' ಎಂದು ಬಳಸತಕ್ಕದ್ದು. ಈ ಸುತ್ತೋಲೆ ನಿರ್ದೇಶಕರನ್ನೂ ಒಳಗೊಂಡಂತೆ ಎಲ್ಲರಿಗೂ ಅನ್ವಯಿಸುತ್ತದೆ." ಅಂದಿನಿಂದ ಆ ಪದ ನನಗೂ ನಿಷಿದ್ಧ. ಮೇಲೆ ಅಲ್ಲಲ್ಲಿ ಅದು ಬಂದಿದ್ದರೆ, ಅವು ಸುತ್ತೋಲೆಗೆ ಹಿಂದಿನ ಸಂಗತಿಗಳಾದ್ದರಿಂದ ತಪ್ಪು ಎಣಿಸಬಾರದಾಗಿ ವಿನಂತಿ.

ಸುತ್ತೋಲೆಯಿಂದ ಗ್ರಂಥಾಲಯಕ್ಕೆ ಒಳ್ಳೆಯದೇ ಆಯಿತು. ನಲ್ಲಿಯ ಮೇಲೆ "ನೀರು ಹೆಚ್ಚಿದೆ" ಎಂಬ ಬೋರ್ಡು ಬಂತು, ಜನ ಮನೆಯಿಂದಲೇ ಬಾಟಲಿ ತರುವುದನ್ನು ರೂಢಿ ಮಾಡಿಕೊಂಡರು. ವಾರ್ಷಿಕ ವರದಿಯಲ್ಲಿ ಕಳೆದುಹೋದ ಎರಡು ಸಾವಿರ ಪುಸ್ತಕಗಳು ಹೆಚ್ಚಿದವು, ಅತಿ ವೇಗವಾಗಿ ಬೆಳೆಯುತ್ತಿರುವ ಗ್ರಂಥಾಲಯವೆಂದು ನಮಗೆ ಪ್ರಶಂಸೆ ಬಂತು. ಖಾಲಿ ಹುದ್ದೆಗಳ ಪಟ್ಟಿ ಕೇಳಿದಾಗ "ಸಿಬ್ಬಂದಿ ಹೆಚ್ಚಿದ್ದಾರೆ" ಎಂದು ಬರೆದೆವು. ಅದನ್ನು ಓದಿದ ಕೇಂದ್ರ ಕಚೇರಿ ನಮ್ಮಲ್ಲಿದ್ದ ಇಬ್ಬರನ್ನು ಬೇರೆ ಕಡೆ ವರ್ಗ ಮಾಡಿತು. ಈಗ ಸಿಬ್ಬಂದಿ ಇನ್ನೂ ಹೆಚ್ಚಿದ್ದಾರೆ.

ಮೀಟರಣ್ಣನ ಅಭಿಪ್ರಾಯವನ್ನೂ ಸುತ್ತೋಲೆಗೆ ಅನುಗುಣವಾಗಿ ಕಚೇರಿಯೇ ತಿದ್ದಿ ಸಹಿಗೆ ಕಳಿಸಿತು. ತಿದ್ದಿದ ಪ್ರತಿಯಲ್ಲಿ ಹೀಗಿತ್ತು: "ಓದಿದೆ. ಚೆನ್ನಾಗಿ ಹೆಚ್ಚಿದೆ."

"ಚೆನ್ನಾಗಿ ಹೆಚ್ಚೋಕೆ ಇದೇನು ಹುರುಳಿಕಾಯಾ?" ಎಂದು ಮೀಟರಣ್ಣ ಕಾಗದವನ್ನು ಮೇಜಿನ ಮೇಲೆ ಬಡಿದರು. "ಬೈದಿದ್ದನ್ನ ಹೊಗಳಿಕೆ ಮಾಡಿಬಿಟ್ಟಿದ್ದೀರಲ್ಲಯ್ಯ. ನಾನು ಸಹಿ ಹಾಕಲ್ಲ."

ಹತ್ತು ದಿನ ಅವರು ಸಹಿ ಹಾಕದೆ ಕಳೆದರು. ಆ ಹತ್ತು ದಿನವೂ ಗೋಡೆಯಾಚೆ ಓದುವ ಸದ್ದು ಹೆಚ್ಚಿತ್ತು. ಅತ್ತಿಗೆಯ ಪ್ರಶ್ನೆಗಳು ಮಾತ್ರ ಕೇಳುತ್ತಿದ್ದವು.

"ರೀ, ಅವನು ಷಡ್ಡಕನೇ ಇರಬೇಕಾ?"

"ಸುಮ್ನೆ ಮಲಗೇ."

"ಹೆಂಗೆ ಮಲಗಲಿ? ಕೊಂದೋನು ಯಾರು ಅಂತ ಗೊತ್ತಾಗೋ ತನಕ ಈ ಮೂಳೆ ಕೂಡಲ್ಲ. ನೀವು ನಿಮ್ಮ ಸತ್ಯ ಹಿಡ್ಕೊಂಡು ಕೂತ್ಕೊಳ್ಳಿ. ನಾನು ಸೂರು ನೋಡ್ಕೊಂಡು ಮಲಗಿರ್ತೀನಿ."

ಹನ್ನೊಂದನೇ ದಿನ ಮೀಟರಣ್ಣ ಬಂದರು. ಮುಖ ಇಳಿದಿತ್ತು. ಪೆನ್ನು ಇಸಿದುಕೊಂಡು ಸಹಿ ಹಾಕಿದರು. ಮೂವತ್ತನಾಲ್ಕು ವರ್ಷ ಮೀಟರ್ ಬರೆದ ಆ ಕೈಯ ಮೊದಲ ಸುಳ್ಳು ಅದು. ನನಗೆ ನಾಚಿಕೆಯಾಯಿತು. ನಾಚಿಕೊಂಡೇ ಮೊಹರು ಒತ್ತಿದೆ.

"ಸರಿ, ಮೂರನೇ ಸಂಪುಟ ಕೊಡು," ಎಂದರು.

ನಾನು ಕಪಾಟಿಗೆ ಹೋಗಿ ನೋಡಿ ಬಂದೆ. "ಅಣ್ಣ, ಅದು ಹೆಚ್ಚಿದೆ."

"ಒಳ್ಳೇದೇ ಆಯ್ತು. ಒಂದು ಕೊಡು ಸಾಕು."

"ಹಾಗಲ್ಲ ಅಣ್ಣ. ಪೂರ್ತಿ ಹೆಚ್ಚಿದೆ."

ಅವರು ನನ್ನ ಮುಖ ನೋಡಿದರು. ಆಮೇಲೆ ನಿಧಾನವಾಗಿ ಬೆಂಚಿನ ಮೇಲೆ ಕೂತರು. ನಡೆದದ್ದೇನೆಂದರೆ, ಹೊಸ ಆದೇಶದ ಮುನ್ನಾದಿನ ಗೋದಾಮಿನಲ್ಲಿದ್ದ 'ವಿನಯ ವಿಧಾನ'ದ ಆರುನೂರು ಪ್ರತಿಗಳಿಗೆ ಜಾಗ ಬೇಕಾದಾಗ ಕಾದಂಬರಿಗಳ ಒಂದು ಕಪಾಟನ್ನು ತೆರವು ಮಾಡಿ, ಅದರಲ್ಲಿದ್ದುದನ್ನೆಲ್ಲ ರದ್ದಿಗೆ ಹಾಕಲಾಗಿತ್ತು. ಮೊದಲೆರಡು ಸಂಪುಟಗಳು ಆ ದಿನ ಮೀಟರಣ್ಣನ ಮನೆಯಲ್ಲಿದ್ದುದರಿಂದ ಉಳಿದಿದ್ದವು.

"ಅವಳಿಗೆ ಏನಂತ ಹೇಳಲಿ?" ಎಂದು ಕೇಳಿದರು.

ನಾನು ದಾಖಲೆ ಪುಸ್ತಕ ತೆರೆದೆ. ರದ್ದಾದ ಪುಸ್ತಕಗಳ ಸಂಖ್ಯೆಗಳನ್ನು ಹೊಸದಾಗಿ ಬಂದವುಗಳಿಗೆ ಕೊಡುವುದು ನಮ್ಮ ಪದ್ಧತಿ. ಮೂರನೇ ಸಂಪುಟದ ಸಂಖ್ಯೆ 'ವಿನಯ ವಿಧಾನ'ದ ಒಂದು ಪ್ರತಿಗೆ ಬಂದಿತ್ತು. ಹಳೆಯ ಹೆಸರನ್ನು ಹೊಡೆದುಹಾಕಲು ಯಾರೋ ಮರೆತಿದ್ದರು.

"ಅಣ್ಣ, ದಾಖಲೆ ಪ್ರಕಾರ ಇದೇ ಮೂರನೇ ಸಂಪುಟ," ಎಂದು ಆ ಪ್ರತಿಯನ್ನು ತಂದು ಅವರ ಕೈಗಿಟ್ಟೆ.

"ದಾಖಲೆಯಲ್ಲಿ ಹಾಗಂತ ಇದೆಯಾ?"

"ಇದೆ."

ಮೀಟರಣ್ಣ ದಾಖಲೆಗೆ ಬೆಲೆ ಕೊಡುವ ಮನುಷ್ಯ. ಕನ್ನಡಕ ಹಾಕಿಕೊಂಡು ಸಂಖ್ಯೆಯನ್ನು ಎರಡು ಸಲ ತಾಳೆ ನೋಡಿ, ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಹೋದರು.

ಆ ರಜಾದಿನ ನಾನು ಗೋಡೆಗೆ ಕಿವಿಯಿಟ್ಟೇ ಕೂತೆ. ಮೀಟರಣ್ಣ ಒಂದಕ್ಷರ ಕೂಡಿಸದೆ, ಒಂದಕ್ಷರ ಬಿಡದೆ ಇದ್ದದ್ದನ್ನು ಇದ್ದ ಹಾಗೇ ಓದಿದರು.

"ಇನ್ನೊಬ್ಬರ ಕೋಣೆಗೆ ಬಾಗಿಲು ಬಡಿಯದೆ ನುಗ್ಗಬಾರದು. ಹೊರಬರುವಾಗ ಸದ್ದಾಗದಂತೆ ಬಾಗಿಲು ಮುಂದೆ ಮಾಡಿಕೊಳ್ಳಬೇಕು."

"ಅಯ್ಯೋ! ಪತ್ತೇದಾರ ಕಂಡುಹಿಡಿದುಬಿಟ್ಟಿದ್ದಾನೆ!" ಎಂದು ಅತ್ತಿಗೆ ಕೂಗಿದರು. "ಬಾಗಿಲು ಸದ್ದಾಗದೇ ಇರಲಿ ಅಂತಾನೇ ಕೊಂದೋನು ಹಾಗೆ ಮಾಡಿದ್ದು. ಮುಂದೆ ಓದಿ."

"ಮೇಜಿನ ಮೇಲೆ ಚಾಕುವಿನ ಮೊನೆ ಅತಿಥಿಯ ಕಡೆಗೆ ತಿರುಗಿರಬಾರದು."

"ಚಾಕು ಬಂತು! ನಾನು ಹೇಳಿರ್ಲಿಲ್ವಾ?"

ಅತ್ತಿಗೆ ಇಲಾಖೆಯ ಸಿಬ್ಬಂದಿಯಲ್ಲವಾದ್ದರಿಂದ ಆ ಕೊನೆಯ ಪದವನ್ನು ಇದ್ದ ಹಾಗೆಯೇ ದಾಖಲಿಸಿದ್ದೇನೆ.

ಮೂರನೇ ಅಧ್ಯಾಯ ಶುಚಿತ್ವದ ಬಗ್ಗೆ. ಹೊರಗಿನಿಂದ ಬಂದಾಗ ಕೈ ತೊಳೆಯಬೇಕು, ಊಟಕ್ಕೆ ಮುಂಚೆ ತೊಳೆಯಬೇಕು, ಊಟವಾದ ಮೇಲೆ ತೊಳೆಯಬೇಕು ಎಂದು ಮೀಟರಣ್ಣ ಓದುತ್ತಿದ್ದಂತೆ ಅತ್ತಿಗೆಯ ದನಿ ಇಳಿಯಿತು.

"ರೀ, ಇದು ಡಾಕ್ಟರೇ. ಎಷ್ಟು ಸಲ ಕೈ ತೊಳೀತಾನೆ ನೋಡಿ. ಸುಮ್ಸುಮ್ನೆ ಯಾರಾದ್ರೂ ಇಷ್ಟು ತೊಳೀತಾರಾ?"

ಹದಿನೆಂಟು ಮಧ್ಯಾಹ್ನ ಓದು ನಡೆಯಿತು. ಮೂರನೇ ವಾರದಲ್ಲಿ ಅತ್ತಿಗೆ ದಿಂಬಿಗೊರಗಿ ಎದ್ದು ಕೂರತೊಡಗಿದ್ದರು. ಕಡೆಯ ಪುಟದಲ್ಲಿ "ತಪ್ಪಾಗಿದ್ದಲ್ಲಿ ಮನಃಪೂರ್ವಕವಾಗಿ ಕ್ಷಮೆ ಕೋರುವುದು ಸಜ್ಜನರ ಲಕ್ಷಣ" ಎಂದು ಬಂದಾಗ, "ಒಪ್ಪಿಕೊಂಡ ನೋಡಿ!" ಎಂದು ಮಂಚದ ಪಟ್ಟಿಯನ್ನು ಗುದ್ದಿದರು.

ಮರುದಿನ ಮೀಟರಣ್ಣ ಯಾರೂ ಕೇಳದೆಯೇ ಬಂದು ಇನ್ನೊಂದು ನಮೂನೆ ಬರೆದುಕೊಟ್ಟರು. "ಎರಡನೇ ಸಲ ಓದಿದೆ. ಚೆನ್ನಾಗಿದೆ. ಕೊಲೆಗಾರ ಡಾಕ್ಟರು." ಇದರಲ್ಲಿ ನಿಷಿದ್ಧ ಪದ ಹೆಚ್ಚಿದ್ದುದರಿಂದ ತಿದ್ದುಪಡಿಯೇ ಬೇಕಾಗದೆ ಅಂಗೀಕಾರವಾಯಿತು.

ಐವರಲ್ಲಿ ಕೊಲೆಗಾರ ಯಾರೆಂಬುದು 'ವಿನಯ ವಿಧಾನ'ದಲ್ಲಿದೆಯೆಂಬ ಸುದ್ದಿ ಹರಡಿತು. ಮೇಜಿನ ಕಾಲಿನಡಿ ಇಟ್ಟಿದ್ದ ಪ್ರತಿಯನ್ನು ಬಡಗಿ ಹೊರಗೆಳೆದು ಓದಿದ. ಮಾತು ಬಿಟ್ಟಿದ್ದ ಅತ್ತೆ, ಕೊಂದದ್ದು ಅಡುಗೆಯವನೇ ಎಂದು ಸೊಸೆಯ ಹತ್ತಿರ ವಾದಿಸಲು ಬಾಯಿ ತೆರೆದರು. ಬಾಗಿಲು ತೆಗೆಯುವ ಮುಂಚೆಯೇ ಜನ ಸಾಲು ನಿಂತರು. ಆರುನೂರು ಪ್ರತಿಗಳೂ ಹೊರಗೆ ಹೋದವು, ನಾಲ್ಕು ತಿಂಗಳಲ್ಲಿ ಅಭಿಪ್ರಾಯಗಳು ಒಂಬೈನೂರ ತೊಂಬತ್ತೊಂಬತ್ತಕ್ಕೆ ಮುಟ್ಟಿದವು. ಹೊಸವುಗಳಲ್ಲಿ ಅರ್ಧದಷ್ಟು ಡಾಕ್ಟರನ ಮೇಲೆ, ಉಳಿದರ್ಧ ಮಿಕ್ಕ ನಾಲ್ವರ ಮೇಲೆ. ನಿರ್ದೇಶಕರು ಇವನ್ನು ಓದಲು ಬಿಡುವಾಗದೆ ಎಣಿಸಿದರು.

ಸಾವಿರನೇ ಅಭಿಪ್ರಾಯ ಅತ್ತಿಗೆಯದು, ಮೀಟರಣ್ಣನ ಕೈಯಲ್ಲಿ ಬರೆಸಿ ಕಳಿಸಿದ್ದು. ಸಾವಿರನೇ ಓದುಗರೆಂದು ಅತ್ತಿಗೆಗೆ ಪ್ರಮಾಣಪತ್ರ ಕೊಡಲು ನಿರ್ದೇಶಕರು ಫೋಟೋಗ್ರಾಫರನ್ನು ಕರೆದುಕೊಂಡು ಸ್ವತಃ ಅವರ ಮನೆಗೆ ಬಂದರು. ನಾನೂ ಕಡತ ಹಿಡಿದುಕೊಂಡು ಹಿಂದೆ ನಿಂತಿದ್ದೆ.

"ನೀವೇನಾ ಬರೆದೋರು?" ಎಂದು ಅತ್ತಿಗೆ ಕೇಳಿದರು.

"ನಾನೇ ಅಮ್ಮ."

"ಒಂದೇ ಒಂದು ಮಾತು ಕೇಳ್ತೀನಿ. ಕೊಂದಿದ್ದು ಡಾಕ್ಟರೇ ತಾನೇ?"

ನಿರ್ದೇಶಕರು ಕಕ್ಕಾಬಿಕ್ಕಿಯಾದರು. ಬಾಯಿ ತೆರೆದು "ಇ..." ಎಂದರು. ಹಿಂದೆ ನಾನು ನಿಂತಿದ್ದೆ, ನನ್ನ ಕೈಯಲ್ಲಿ ಸುತ್ತೋಲೆ ಇದ್ದ ಕಡತವಿತ್ತು, ಪಕ್ಕದಲ್ಲಿ ಫೋಟೋಗ್ರಾಫರ್ ಇದ್ದ. "ಇ... ಇರಬಹುದಮ್ಮ," ಎಂದು ಮುಗಿಸಿದರು.

"ಇರಬಹುದು ಅಂದ್ರೆ? ಬರೆದೋರೇ ಹಿಂಗೆ ಅಡ್ಡಗೋಡೆ ಮೇಲೆ ದೀಪ ಇಟ್ಟರೆ ಓದೋರ ಗತಿ ಏನು? ಸರಿಯಾಗಿ ಹೇಳಿ."

ನಿರ್ದೇಶಕರು ನನ್ನ ಕಡೆ ನೋಡಿದರು. ನಾನು ಕಡತ ನೋಡಿದೆ.

"ಡಾಕ್ಟರೇ," ಎಂದರು.

ಅತ್ತಿಗೆಯ ಮುಖ ಅರಳಿದ್ದನ್ನು ಕಂಡು ಮೀಟರಣ್ಣ ಆಚೆ ತಿರುಗಿ ಕನ್ನಡಕ ಒರೆಸಿಕೊಂಡರು. ಬಂದವರನ್ನು ಬಾಗಿಲ ತನಕ ಕಳಿಸಿಕೊಡಬೇಕೆಂದು ಮೂರನೇ ಸಂಪುಟದಲ್ಲಿದೆ ಎಂದು ಹೇಳಿ ಅತ್ತಿಗೆ ಎದ್ದು, ಗೋಡೆ ಹಿಡಿದುಕೊಂಡು, ಎಷ್ಟೋ ತಿಂಗಳ ಮೇಲೆ ಬಾಗಿಲಿಗೆ ನಡೆದುಬಂದರು.

ಮರುದಿನ ಸುತ್ತೋಲೆ ಬಂತು. ಕೊಲೆಗಾರ ಡಾಕ್ಟರೆಂದು ಲೇಖಕರು ಅಧಿಕೃತವಾಗಿ ಖಚಿತಪಡಿಸಿರುವುದರಿಂದ, ಬೇರೆಯವರ ಹೆಸರು ಬರೆದಿರುವ ಓದುಗರು ಹದಿನೈದು ದಿನಗಳೊಳಗೆ ಅಭಿಪ್ರಾಯವನ್ನು ತಿದ್ದಿಕೊಡತಕ್ಕದ್ದು. ಎಲ್ಲರೂ ತಿದ್ದಿಕೊಟ್ಟರು, ಆಕ್ಷೇಪಣೆಗಳು ಹೆಚ್ಚಿದವು. ನಾನು ಷಡ್ಡಕ ಎಂದು ಬರೆದಿದ್ದೆ. ಈಗಲೂ ನನಗೆ ಅವನ ಮೇಲೆಯೇ ಅನುಮಾನ. ತಿದ್ದಿಕೊಟ್ಟಿದ್ದೇನೆ.