ಮಾವನೋರ ನೀರು, ನನ್ನ ಕಾವಲು

ಅಳತಿ ಅಂದ್ರ ನಾನು! ಹಾನಗಲ್ಲಿನ್ಯಾಗ ಹೊಲಿಗಿ ಕ್ಲಾಸ್ ನಡಸಾಕಿ. ಮಂದೀನ್ನ ನೋಡಿದ ಕೂಡ್ಲೇ ಸೊಂಟ ಎಷ್ಟು ಇಂಚು ಅಂತ ಹೇಳ್ತೇನಿ, ಟೇಪ್ ಬರೇ ಶಾಸ್ತ್ರಕ್ಕ. ಹಿಂಗಾಗಿ, "ನಿಮ್ಮ ಮಾವನೋರಿಗೆ ದಿನಕ್ಕ ಒಂದ ಲೀಟರ್ ನೀರು, ಅದರ ಮ್ಯಾಲ ಬ್ಯಾಡ್ರಿ" ಅಂತ ಡಾಕ್ಟರ್ ಬಾಯಾರು ಹೇಳಿದಾಗ ನನಗ ನಗು ಬಂತು. ಇಷ್ಟ ಏನ್ರಿ!

ಮಾವನೋರ ಹೃದಯ ಸೋತಿತ್ತು. ಕಾಲು ಬಾತು, ಬೆರಳಿಂದ ಒತ್ತಿದ್ರ ಗುಣಿ ಬೀಳ್ತಿತ್ತು. ಮಲಕೊಂಡ್ರ ಉಸುರು ಕಟ್ಟತಿತ್ತು ಅಂತ ಗ್ವಾಡಿಗೆ ಒರಗಿ ಕುಂತ ನಿದ್ದಿ ಮಾಡ್ತಿದ್ರು.

ಡಾಕ್ಟರ್ ಬಾಯಾರು ಸಣ್ಣ ವಯಸ್ಸಿನ ಹೆಣಮಗಳು. ಮಾವನೋರ ಹೊಟ್ಟಿಗೆ ಜೆಲ್ ಸವರಿ, ಮಷೀನ್ ಇಟ್ಟು, ನನ್ನ ಪರದೆ ಕಡೆ ಕರದ್ರು.

"ನೋಡ್ರಿ ಅಕ್ಕಾರ, ಇದು ಹೃದಯಕ್ಕ ರಕ್ತ ವಾಪಸ್ ಒಯ್ಯೋ ದೊಡ್ಡ ರಕ್ತನಾಳ. ಉಸುರು ಎಳದಾಗೊಮ್ಮೆ ಸಣ್ಣ ಆಗಬೇಕು. ಅಜ್ಜಾರ ಮೈಯಾಗ ನೀರು ಹೆಚ್ಚಾಗೇತಿ, ಅದಕ್ಕ ಉಬ್ಬಿ ಹಂಗ ನಿಂತೈತಿ. ಅಜ್ಜಾರ, ಉಸುರು ಎಳಕೋರ್ರಿ."

ಮಾವನೋರು ಎಳಕೊಂಡ್ರು. ನಾಳ ಜಪ್ಪಯ್ಯ ಅನ್ನಲಿಲ್ಲ.

ಕೊಯ್ಯಲಿಲ್ಲ, ಚುಚ್ಚಲಿಲ್ಲ, ಒಳಗಿನ ಸುದ್ದಿ ಎಲ್ಲಾ ಹೊರಗ! ನಾನು ಬಾಯಿ ತಕ್ಕೊಂಡು ನಿಂತೆ. ಆದ್ರ ಬಾಯಾರು ಇನ್ನೊಂದು ಮಾತು ಹೇಳಿದ್ರು. ಎರಡು ವಾರದಾಗ ಇದು ಇಳೀಲಿಲ್ಲಂದ್ರ ಹುಬ್ಬಳ್ಳಿಗೆ ಕಳಿಸಿ ಅಡ್ಮಿಟ್ ಮಾಡಬೇಕಾಕ್ಕೈತಿ ಅಂತ. ಮಾವನೋರು ನನ್ನ ಕೈ ಹಿಡಕೊಂಡ್ರು.

"ಯವ್ವಾ ರೇಣುಕಾ, ಅಲ್ಲಿಗೆ ಕಳಸಬ್ಯಾಡವಾ. ನನ್ನ ಹಾಸಿಗ್ಯಾಗ ನಾನು ಕಾಲು ಚಾಚಿ ಮಲಗಬೇಕು."

"ಮಲಗಸ್ತೇನ್ರಿ ಮಾವಾರ!" ಅಂದೆ. ಅವತ್ತಿಂದ ನಮ್ಮ ಮನಿಯ ನೀರಾವರಿ ಖಾತೆ ನನ್ನ ಕೈಗೆ ಬಂತು.

ಮದಲನೇ ಆದೇಶ: ನೀರಿನ ಫಿಲ್ಟರ್ ಇದ್ದ ಖೋಲಿಗೆ ಕೀಲಿ. ಎರಡನೇದು: ಮನ್ಯಾಗಿನ ನೀರು ಕುಡಿಯೋ ತಂಬಗಿ ಎಲ್ಲಾ ಟ್ರಂಕಿನೊಳಗ. ಮಾವನೋರಿಗೆ ಒಂದ ಲೀಟರಿನ ಒಂದ ಬಾಟ್ಲಿ, ಅದಕ್ಕ ನಾನು ಹೊಲಿಗಿ ಚಾಕ್‌ಪೀಸಿನಿಂದ ಗೆರಿ ಹಾಕಿದ್ದೆ, ಬ್ಲೌಸ್ ಪೀಸಿಗೆ ಹಾಕಿದಂಗ. ಜಳಕದ ಮನಿದ ಒಂದು ಚಿಂತಿ ಉಳೀತು. ಒಳಗ ಕುಂತು ನೀರು ಕುಡದ್ರ ಯಾರಿಗೆ ಗೊತ್ತಾಕ್ಕೈತಿ? ಅದಕ್ಕ, "ಮಾವಾರ, ಜಳಕಾ ಮುಗಿಯೋ ತನಕಾ ಹಾಡ್ಕೋಂತ ಇರ್ರಿ" ಅಂದೆ. ಹಾಡೋ ಬಾಯಿ ಕುಡಿಯೂದಿಲ್ಲ ನೋಡ್ರಿ! ಪಾಪ, ಉಸುರು ಸಾಲದ ಮುದುಕರು ಭಜನಿ ಹಾಡ್ಕೋಂತ ಜಳಕಾ ಮಾಡಿದ್ರು. ನಾನು ಬಾಗಲ ಹೊರಗ ಕಿವಿಗೊಟ್ಟು ನಿಂತಿರ್ತಿದ್ದೆ.

ಒಂದು ವಾರ ಆತು. ಮತ್ತ ತೋರಿಸಿದ್ವಿ. ನಾಳ ಹಂಗ ಉಬ್ಬಿತ್ತು!

"ಎಲ್ಲೆರ ನೀರು ಜಾಸ್ತಿ ಹೋಗಾಕತ್ತೇತೇನ್ರಿ ಅಕ್ಕಾರ?" ಅಂತ ಬಾಯಾರು ಮೆತ್ತಗ ಕೇಳಿದ್ರು.

ನನಗ ಮೈಯೆಲ್ಲಾ ಉರೀತು. ಮನಿಗೆ ಬಂದಾಕಿನ ನಮ್ಮ ಯಜಮಾನರನ್ನ ಹಿಡದೆ.

"ನಿಮ್ಮಪ್ಪಗ ಕದ್ದು ನೀರು ಕೊಡಾಕತ್ತೀರಿ. ಖರೆ ಹೇಳ್ರಿ!"

"ಕೀಲಿ ನಿನ್ನ ಸೊಂಟದಾಗೈತಿ," ಅಂದ್ರು ಅವರು. "ಅಪ್ಪನ್ನ ಬಿಡು, ನನಗ ಸೈತ ನೀರು ಸಿಗವಲ್ದು. ಹತ್ತು ದಿನಾತು, ನಾನು ಆಫೀಸಿಗೆ ಹೋಗಿ ಕುಡಿಯಾಕತ್ತೇನಿ!"

"ಹತ್ತಲ್ಲ, ಏಳು ದಿನ," ಅಂತ ನಾನು ತಿದ್ದಿದೆ. ಅಳತಿ ಅಂದ್ರ ಅಳತಿ.

ಎರಡನೇ ಸೋಮವಾರ. ಮತ್ತ ಜೆಲ್, ಮತ್ತ ಪರದೆ, ಮತ್ತ ಅದ ಉಬ್ಬು! ಮಾವನೋರ ಮುಖ ಸಣ್ಣ ಆತು. ಹುಬ್ಬಳ್ಳಿ ಕಣ್ಣ ಮುಂದ ಬಂದು ನಿಂತಿತ್ತು. ನನಗ ತಡಕೊಳ್ಳಾಕ ಆಗಲಿಲ್ಲ.

"ನಿಮ್ಮ ಮಷೀನ್ ಕೆಟ್ಟೈತ್ರಿ!" ಅಂತ ಹೊರಗ ಪಾಳಿ ಹಚ್ಚಿದ್ದ ಮಂದಿಗೆಲ್ಲಾ ಕೇಳೂವಂಗ ಒದರಿದೆ. "ಬೇಕಾದ್ರ ನನಗ ಹಚ್ಚಿ ನೋಡ್ರಿ!"

ಬಾಯಾರು ಸಿಟ್ಟಾಗಲಿಲ್ಲ. "ಬರ್ರಿ, ಮಲಕೋರ್ರಿ," ಅಂದ್ರು. ನಾನು ಉಸುರು ಎಳಕೊಂಡೆ. ಪರದೆ ಮ್ಯಾಲ ನನ್ನ ನಾಳ ಸಣ್ಣ ಆತು, ಬಿಟ್ಟೆ, ಅಗಲ ಆತು.

"ಮಷೀನ್ ಚಲೋ ಐತ್ರಿ ಅಕ್ಕಾರ," ಅಂದ್ರು. ಆಮ್ಯಾಲ ಪೆನ್ನು ತಕ್ಕೊಂಡು ಕೇಳಿದ್ರು, "ನಿನ್ನೆ ಮುಂಜಾನಿಂದ ಅಜ್ಜಾರಿಗೆ ಏನೇನು ಕೊಟ್ರಿ?"

ಇಂಥಾ ಪ್ರಶ್ನಿಗೆ ನಾನು ಹಿಂಜರಿಯಾಕಿ ಅಲ್ಲ. "ನೀರು ಒಂದ ಲೀಟರ್, ಒಂದು ಹನಿ ಹೆಚ್ಚಿಲ್ರಿ! ಮುಂಜಾನೆ ಎರಡು ಬಟ್ಟಲ ಅಂಬಲಿ. ನೀರಡಿಕಿ ಅಂತಾರ ಪಾಪ, ಅದಕ್ಕ ಮೂರು ಗ್ಲಾಸ್ ಮಜ್ಜಿಗಿ. ಕಲ್ಲಂಗಡಿ ಅರ್ಧ. ಅನ್ನ ತೇಲೂವಷ್ಟು ಸಾರು. ಸಂಜಿಗೆ ಗಂಜಿ. ನಡುವ ಚಾ."

ಬಾಯಾರ ಪೆನ್ನು ನಿಂತುಬಿಟ್ಟಿತ್ತು.

"ಮಜ್ಜಿಗಿ ಯಾತರಿಂದ ಮಾಡ್ತೀರಿ?"

"ಮಸರು, ನೀ..." ಅಂದೆ.

"ಉಪ್ಪು?"

"ಉಪ್ಪಿಲ್ಲದ ಮಜ್ಜಿಗಿ ಯಾರು ಕುಡೀತಾರ್ರಿ!"

"ಉಪ್ಪು ನೀರನ್ನ ಮೈಯಾಗ ಹಿಡದು ಇಡ್ತೈತ್ರಿ," ಅಂದ್ರು ಬಾಯಾರು. ಹೊರಗ ಪಾಳ್ಯಾಗ ಯಾರೋ ಕಿಸಕ್ ಅಂದ್ರು.

ನಾವು ಹುಟ್ಟಿದಾಗಿಂದ ಅಂಬಲಿ, ಮಜ್ಜಿಗಿ ಎಲ್ಲಾ ಊಟದ ಲೆಕ್ಕ. ಯಾರ ಮನ್ಯಾಗ ಮಜ್ಜಿಗಿಗೆ ನೀರು ಅಂತಾರ, ಹೇಳ್ರಿ? ನನ್ನ ಕಣ್ಣಾಗ ನೀರು ಬಂತು. ಉಸುರಿಗೆ ಒದ್ದಾಡೋ ಮನಷ್ಯಾನ ನಾನ ಮುಣುಗಿಸಾಕತ್ತಿದ್ನಲ್ಲ! ಇಡೀ ಊರಿಗೆ ಸುಳ್ಳು ಹೇಳಬಹುದು, ಆ ನಾಳದ ಮುಂದ ನಡಿಯೂದಿಲ್ಲ. ಅದನ್ನ ಓದೋ ಆ ಹೆಣಮಗಳಿಗೆ ಮನಸಿನ್ಯಾಗ ಕೈ ಮುಗದೆ.

"ಮಾವಾರ, ನಿಮಗೂ ತಿಳೀಲಿಲ್ಲೇನ್ರಿ?"

"ತಿಳದಿತ್ತವಾ," ಅಂದ್ರು ಮಾವನೋರು ತಲಿ ತಗ್ಗಿಸಿ. "ಹೇಳಿದ್ರ ಮಜ್ಜಿಗಿಗೂ ಕೀಲಿ ಹಾಕ್ತಿದ್ದಿ."

ಬಾಯಾರು ಗುಳಿಗಿ ಬದಲು ಮಾಡಿ ಇನ್ನೊಂದು ವಾರ ಕೊಟ್ರು. ಅವತ್ತ ಸಂಜಿಗೆ ಮಾವನೋರು ಕರದು, "ಭಾಳ ದಣದೀಯವಾ. ಒಂದು ವಾರ ಹಿರೇಕೆರೂರಿಗೆ, ನಿಮ್ಮವ್ವನ ಕಡೆ ಹೋಗಿ ಬಾ," ಅಂದ್ರು. ಈ ಸ್ಥಿತಿಯಾಗ ಸೈತ ಸೊಸಿ ಚಿಂತಿ! ಅಳಕೋಂತ ಬಸ್ ಹತ್ತಿದೆ.

ಮುಂದಿನ ಸೋಮವಾರ ಬಸ್ ಇಳದು ನೇರ ದವಾಖಾನಿಗೆ ಬಂದೆ. ಮಾವನೋರು ಉಸುರು ಎಳದ್ರು, ನಾಳ ಸಣ್ಣ ಆತು! ಕಾಲಿನ ಬಾವು ಇಳದಿತ್ತು. ಮೂರು ದಿನದಿಂದ ತಮ್ಮ ಹಾಸಿಗ್ಯಾಗ ಕಾಲು ಚಾಚಿ ಮಲಗಾಕತ್ತಾರಂತ! ಹುಬ್ಬಳ್ಳಿ ತಪ್ಪಿತು. ನನಗ ಕುಣೀಬೇಕು ಅನಿಸ್ತು.

"ಈ ವಾರ ಇಷ್ಟು ಚಲೋ ಯಾರು ನೋಡ್ಕೊಂಡ್ರಿ?" ಅಂತ ಬಾಯಾರು ಕೇಳಿದ್ರು.

ನಾನು ಸೆರಗು ಸರಿ ಮಾಡ್ಕೊಂಡೆ.

"ನಾನ ನೋಡ್ಕೊಂಡೆನ್ರಿ," ಅಂದ್ರು ಮಾವನೋರು. "ನಿಮ್ಮ ಗುಳಿಗಿ ಜೋಡಿ ನಂದೊಂದು ಔಷಧ ಮಾಡಿದೆ. ಸೊಸಿನ್ನ ತವರಿಗೆ ಕಳಸಿದ್ದೆ."

ಬಾಯಾರು ನಕ್ಕೋಂತ ಚೀಟಿ ಮ್ಯಾಲ ಏನೋ ಬರದ್ರು. ಆ ಔಷಧಾನೂ ಬರದಾರೇನೋ ಅಂತ ಮನಿಗೆ ಬಂದು ಎರಡು ಸಲ ಓದಿ ನೋಡಿದೆ!