ಹಸಿರು ಕಾರಿಗೊಂದು ಸಂಬಂಧ

ಮನೆಯಲ್ಲಿ ಹಳೇ ಕಾಲದ ರೇಸಿಂಗ್ ಕಾರೊಂದಿದ್ದರೆ ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಹೋಗೋಣವೆಂದರೂ ಆಗುವುದಿಲ್ಲ, ಏಕೆಂದರೆ ಕಾರು ಗ್ಯಾರೇಜಿನಲ್ಲಿರುತ್ತದೆ. ನಾನು ಇಂದಿರಾನಗರದ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ದಿನವಿಡೀ ಕೌಂಟರಿನಲ್ಲಿ ಮುಖ ಗಂಟಿಕ್ಕಿಕೊಂಡು ಕೂರುತ್ತೇನಲ್ಲ, ಅದಕ್ಕೆ ಪರಿಹಾರವಾಗಿಯೇ ದೇವರು ನನಗೆ ಇಂಥ ಗಂಡನನ್ನೂ ಇಂಥ ಕಾರನ್ನೂ ಕೊಟ್ಟಿರಬೇಕು.

ಕಾರು ಕಡು ಹಸಿರು ಬಣ್ಣದ್ದು, ಎರಡೇ ಬಾಗಿಲು. ಬಹಳ ಹಿಂದೆ ಇಟಲಿಯಲ್ಲಿ ರ‍್ಯಾಲಿ ಓಡಿಸುವುದಕ್ಕೆಂದೇ ಕೆಲವೇ ಕೆಲವನ್ನು ತಯಾರಿಸಿದ್ದರಂತೆ. “ಇಡೀ ಬೆಂಗಳೂರಲ್ಲಿ ಇದೊಂದೇ ಇರೋದು” ಎಂದು ನಮ್ಮನೆಯವರು ಎದೆಯುಬ್ಬಿಸುತ್ತಾರೆ. “ಒಂದೇ ಇದೆ ಅಂದ್ರೆ ಇನ್ಯಾರಿಗೂ ಬೇಡವಾಗಿತ್ತು ಅಂತ ಅರ್ಥ” ಎಂದು ನಾನು ಅನ್ನುತ್ತಿದ್ದೆ. ಫ್ರೇಜರ್ ಟೌನಿನ ಹಳೇ ಬಂಗಲೆಯೊಂದರ ಶೆಡ್ಡಿನಲ್ಲಿ ಅದು ಸಿಕ್ಕಿದಾಗ ಹಿಂದಿನ ಸೀಟಿನಲ್ಲಿ ಕೋಳಿಗಳು ಕಾವಿಗೆ ಕೂತಿದ್ದವು. ಅವುಗಳನ್ನು ಎಬ್ಬಿಸಿ, ಎಂಜಿನ್ ಬಿಚ್ಚಿ, ಅದಕ್ಕೆ ಗಾಳಿ ಪೆಟ್ರೋಲು ಬೆರೆಸಿ ಕುಡಿಸುವ ಎರಡು ಕಾರ್ಬೊರೇಟರ್ ಕೂರಿಸಿ, ಟ್ಯೂನ್ ಮಾಡಿಸಿ, ಕಾರನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ ನಿಲ್ಲಿಸುವ ಹೊತ್ತಿಗೆ ನಮ್ಮ ಮದುವೆಯ ಹೊಸತನವೆಲ್ಲ ಮುಗಿದಿತ್ತು.

ಈಚೆಗೆ ನಾವು ಹಲಸೂರಿನ ಬಾಡಿಗೆ ಮನೆ ಬಿಟ್ಟು ಸಿ.ವಿ. ರಾಮನ್ ನಗರದ ಫ್ಲ್ಯಾಟಿಗೆ ಹೋಗುವುದು ಗಟ್ಟಿಯಾಯಿತು. ಅಲ್ಲಿ ಮನೆಗೊಂದೇ ಪಾರ್ಕಿಂಗ್. ಅತ್ತೆಗೆ ಮಂಡಿನೋವು. ಎತ್ತರದ ಸೀಟು, ನಾಲ್ಕು ಬಾಗಿಲು, ಎಸಿ ಎಲ್ಲ ಇರುವ, ಮನುಷ್ಯರು ಕೂರುವಂಥ ಕಾರು ಬೇಕೇ ಬೇಕು, ಇದನ್ನು ಮಾರಿಬಿಡಿ ಎಂದು ನಾನು ಪಟ್ಟು ಹಿಡಿದೆ. ನಮ್ಮನೆಯವರು ಜಗಳವಾಡಲಿಲ್ಲ. “ಆಯ್ತು. ಒಳ್ಳೇವ್ರು ಯಾರಾದ್ರೂ ಸಿಕ್ಕಿದ್ರೆ ಕೊಟ್ಬಿಡೋಣ” ಎಂದಷ್ಟೇ ಹೇಳಿ ಮಜ್ಜಿಗೆ ಅನ್ನಕ್ಕೆ ತುಪ್ಪ ಹಾಕಿಕೊಂಡರು. ಅತ್ತೆ ಅದನ್ನು ನೋಡಿ ನನ್ನನ್ನೂ ನೋಡಿದರು.

೧. ಉಸಿರು ಬಿಡಬೇಡಿ

ಮಾರುವ ಮುಂಚೆ ಕೊನೆಯದಾಗಿ ಒಮ್ಮೆ ಟ್ಯೂನ್ ಮಾಡಿಸಬೇಕೆಂದು ಶಿವಾಜಿನಗರದ ಉಸ್ತಾದರ ಗ್ಯಾರೇಜಿಗೆ ಹೋದೆವು. ಉಸ್ತಾದರು ಕಂಪ್ಯೂಟರು ಹಚ್ಚಿ ನೋಡುವವರಲ್ಲ. ಕಾರ್ಬೊರೇಟರಿನ ಬಾಯಿಗೆ ರಬ್ಬರ್ ಪೈಪು ಹಿಡಿದು, ಅದರ ಇನ್ನೊಂದು ತುದಿಯನ್ನು ಕಿವಿಗೆ ಇಟ್ಟುಕೊಂಡು, ಎರಡೂ ಒಂದೇ ಸಮ ಉಸಿರೆಳೆಯುತ್ತಿವೆಯೇ ಎಂದು ಕೇಳುತ್ತಾರೆ. ಕೆಲಸದಲ್ಲಿ ನಿಪುಣರು, ಜಂಬದಲ್ಲಿ ಅದಕ್ಕಿಂತ ಒಂದು ಕೈ ಮೇಲು. ಅವರು ಪೈಪು ಕೈಗೆತ್ತಿಕೊಂಡರೆಂದರೆ ಇಡೀ ಗಲ್ಲಿ ಸುಮ್ಮನಿರಬೇಕು.

“ಏಯ್, ವೆಲ್ಡಿಂಗ್ ಬಂದ್ ಕರೋ! ಚಾಯ್‌ವಾಲೇ, ಆ ಸ್ಟವ್ ಆರ್ಸಪ್ಪ! ಭಾಬಿ, ನೀವು ಬಳೆ ಅಲ್ಲಾಡಿಸ್ಬೇಡಿ” ಎಂದು ಆಜ್ಞೆ ಹೊರಡಿಸಿ ಬಾನೆಟ್ಟಿನೊಳಗೆ ತಲೆ ತೂರಿಸಿದರು.

ಗಲ್ಲಿ ಸ್ತಬ್ಧವಾಯಿತು. ನಮ್ಮನೆಯವರು ಕೈ ಕಟ್ಟಿ ಕಣ್ಣು ಮುಚ್ಚಿ ನಿಂತರು. ಗುರ್‌ರ್ ಎಂದು ಗಂಭೀರವಾದ, ತುಂಬಿದ ಸದ್ದೊಂದು ಕೇಳತೊಡಗಿತು. ನನಗೇ ಒಂದು ಕ್ಷಣ ಮೈ ಜುಮ್ಮೆಂದಿತು.

“ಕೇಳಿಸ್ತಾ?” ಎಂದು ನಮ್ಮನೆಯವರು ಪಿಸುಗುಟ್ಟಿದರು. “ನಾಲ್ಕೂ ಸಿಲಿಂಡರ್ ಒಂದೇ ತಾಳ. ಎಲ್ಲೂ ಅಪಸ್ವರ ಇಲ್ಲ. ಇವತ್ತಿನ ಕಾರುಗಳಲ್ಲಿ ಈ ದನಿ ಎಲ್ಲಿದೆ ಹೇಳು? ಇದಕ್ಕೆ ಬೆಲೆ ಕಟ್ಟೋಕಾಗುತ್ತಾ?” ಅವರ ಕಣ್ಣಂಚು ಒದ್ದೆಯಾಗಿತ್ತು. ಟೀ ಅಂಗಡಿಯವನೂ “ವಾಹ್” ಎಂದ.

ಉಸ್ತಾದರು ಬಾನೆಟ್ಟಿನಿಂದ ತಲೆ ಹೊರಗೆ ತೆಗೆದು ಬೇಸರದಿಂದ ನೋಡಿದರು. “ಸಾಬ್, ನಾನಿನ್ನೂ ಸ್ಟಾರ್ಟೇ ಮಾಡಿಲ್ಲ. ಅದು ಪಕ್ಕದ ಖಾರದಪುಡಿ ಗಿರಣಿ.”

೨. ಇಳಿದು ಹತ್ತುವ ಸೇವೆ

ಈ ಕಾರಿನಲ್ಲಿ ಕೂರುವವರಿಗೆ ಒಂದು ಕಟ್ಟುಪಾಡಿದೆ. ರಸ್ತೆಯಲ್ಲಿ ಹಂಪ್ ಬಂದರೆ ಡ್ರೈವರ್ ಒಬ್ಬರನ್ನು ಬಿಟ್ಟು ಎಲ್ಲರೂ ಇಳಿಯಬೇಕು. ಭಾರ ಇದ್ದರೆ ಕಾರಿನ ಹೊಟ್ಟೆ ನೆಲಕ್ಕೆ ಉಜ್ಜುತ್ತದೆ. ಕಾರು ಹಂಪನ್ನು ಓರೆಯಾಗಿ, ಬಸುರಿ ಹೆಂಗಸು ಮೆಟ್ಟಿಲಿಳಿದ ಹಾಗೆ ಇಳಿದ ಮೇಲೆ ನಾವು ನಡೆದು ಹೋಗಿ ಮತ್ತೆ ಹತ್ತಬೇಕು. ಎರಡೇ ಬಾಗಿಲಾದ್ದರಿಂದ ಮುಂದೆ ಕೂತ ಅತ್ತೆ ಮೊದಲು ಇಳಿದು, ಸೀಟು ಮಡಚಿ, ಆಮೇಲೆ ಹಿಂದಿನಿಂದ ನಾನು ತೆವಳಿಕೊಂಡು ಈಚೆ ಬರಬೇಕು. ಬೆಂಗಳೂರಿನಲ್ಲಿ ಹಂಪಿಲ್ಲದ ರಸ್ತೆ ಯಾವುದೆಂದು ಕೇಳಬೇಡಿ.

ಒಂದು ಭಾನುವಾರ ಕೆ.ಆರ್. ಪುರದಲ್ಲಿ ನೆಂಟರ ಮನೆಯ ಗೃಹಪ್ರವೇಶ. ಹೋಗುವ ದಾರಿಯಲ್ಲಿ ಒಂದು ಹಂಪಿನ ಬಳಿ ಇಳಿದೆವು, ಕಾರು ದಾಟಿತು, ಹೋಗಿ ನೋಡಿದರೆ ಹಿಂದಿನ ಸೀಟಿನಲ್ಲಿ ಕೈಚೀಲ ಹಿಡಿದ ಹೆಂಗಸೊಬ್ಬರು ಆರಾಮಾಗಿ ಕೂತಿದ್ದಾರೆ! ನಾವಿಬ್ಬರು ಇಳಿದದ್ದನ್ನು ನೋಡಿ ಶೇರ್ ಗಾಡಿ ಎಂದುಕೊಂಡು ಹತ್ತಿದ್ದರು. ನಮ್ಮನೆಯವರಿಗೆ ಕನ್ನಡಿಯಲ್ಲಿ ಸೀರೆ ಕಂಡಿದೆ, ನಾನೇ ಎಂದುಕೊಂಡಿದ್ದಾರೆ. ಇಪ್ಪತ್ತು ವರ್ಷ ಸಂಸಾರ ಮಾಡಿದ ಗಂಡ.

“ಕೆ.ಆರ್. ಪುರಂ ಬ್ರಿಡ್ಜ್ ತಾನೇ? ಬನ್ನಿ ಬನ್ನಿ, ಜಾಗ ಇದೆ” ಎಂದು ಆಕೆ ನನ್ನನ್ನೇ ಕರೆದು ಸ್ವಲ್ಪ ಸರಿದು ಕೂತರು. ಇಳಿಸುವುದು ಹೇಗೆಂದು ನನಗೆ ತೋಚಲಿಲ್ಲ. ಹುಬ್ಬಳ್ಳಿ ಕಡೆಯ ನಮ್ಮ ಅತ್ತೆಗಂತೂ ದಾರಿಯಲ್ಲಿ ಮಾತಿಗೆ ಜನ ಸಿಕ್ಕರೆ ಸಾಕು. “ಕೂಡಲಿ ಬಿಡವಾ, ಪಾಪ, ಬಿಸಿಲಾಗ ನಿಂತಿದ್ಲು” ಎಂದು ಹೇಳಿ ಸೊಸೆ ಎಲ್ಲಿಯವಳು, ಮೊಮ್ಮಕ್ಕಳೆಷ್ಟು ಎಂದು ವಿಚಾರಣೆ ಶುರು ಮಾಡಿದರು.

ಮುಂದಿನ ಹಂಪ್ ಬಂತು. ಅತ್ತೆ ಇಳಿದರು, ನಾನು ಇಳಿದೆ, ಆಕೆಯೂ ಒಂದು ಮಾತೂ ಕೇಳದೆ ಇಳಿದರು. ದಾಟಿದ ಮೇಲೆ ಹತ್ತಿದರು. ಹೀಗೆ ದಾರಿಯುದ್ದಕ್ಕೂ ಮೂವರೂ ಸಾಲಾಗಿ ಇಳಿದು, ಸೆರಗು ಸರಿಮಾಡಿಕೊಂಡು, ನಡೆದು, ಮತ್ತೆ ಹತ್ತಿದೆವು. ನೋಡಿದವರು ಯಾವುದೋ ಹರಕೆ ಇರಬೇಕೆಂದು ಕೈ ಮುಗಿದರೂ ಆಶ್ಚರ್ಯವಿರಲಿಲ್ಲ.

ಸೇತುವೆಯ ಬಳಿ ಆಕೆ ಇಳಿದು, ಬೇಡ ಬೇಡವೆಂದರೂ ನಮ್ಮನೆಯವರ ಕೈಗೆ ಇಪ್ಪತ್ತರ ನೋಟು ತುರುಕಿದರು. ಹೋಗುತ್ತಾ ಕಿಟಕಿಯಲ್ಲಿ ಬಗ್ಗಿ, “ಗಾಡಿ ತುಂಬಾ ಚೆನ್ನಾಗಿ ಇಟ್ಕೊಂಡಿದೀಯ ಕಣಪ್ಪ. ಆದ್ರೆ ಸ್ಟಾಪ್ ಜಾಸ್ತಿ ಆಯ್ತು” ಎಂದರು.

೩. ಟ್ರಾಫಿಕ್ಕು ಭಾಳ ಐತಿ

ಇಷ್ಟು ವರ್ಷ ನಾನು ಆ ಕಾರಿನ ಸ್ಟೀರಿಂಗ್ ಮುಟ್ಟಿರಲಿಲ್ಲ. ಮುಟ್ಟಿದರೆ ಸೋತಂತೆ ಎಂಬ ಹಟ. ಆದರೆ ಒಂದು ಬೆಳಿಗ್ಗೆ ನಮ್ಮನೆಯವರಿಗೆ ಸೊಂಟ ಹಿಡಿದುಕೊಂಡಿತು. ಅತ್ತೆಗೆ ಮರ್ಫಿ ಟೌನಿನ ಲ್ಯಾಬಿನಲ್ಲಿ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವುದಿತ್ತು. ರಜೆಯ ದಿನ, ಆಟೋ ಒಂದೂ ಸಿಗಲಿಲ್ಲ. ವಿಧಿಯಿಲ್ಲದೆ ಕೀ ತೆಗೆದುಕೊಂಡೆ.

ಹೋಗುವಾಗ ಗೊಣಗಿದೆ. ಕ್ಲಚ್ಚು ಕಲ್ಲಿನಂತಿತ್ತು, ಸ್ಟೀರಿಂಗ್ ರುಬ್ಬುಗುಂಡು ತಿರುಗಿಸಿದಂತೆ. ನಿಧಾನಕ್ಕೆ ಹೋದರೆ ಎಂಜಿನ್ ಕೆಮ್ಮುತ್ತಿತ್ತು. ರಕ್ತ ಕೊಟ್ಟು ವಾಪಸು ಬರುವಾಗ, ಹಂಪುಗಳ ಗಲ್ಲಿ ದಾಟಿದ ಮೇಲೆ, ರಸ್ತೆ ಖಾಲಿ ಇತ್ತು. ಸೆಕೆಂಡ್ ಗೇರಿನಲ್ಲಿ ಸುಮ್ಮನೆ ಸ್ವಲ್ಪ ಹೆಚ್ಚೇ ಒತ್ತಿದೆ.

ಏನೆಂದು ಹೇಳಲಿ! ಕೆಮ್ಮು ನಿಂತುಹೋಯಿತು. ಆ ಎರಡು ಕಾರ್ಬೊರೇಟರುಗಳೂ ಒಮ್ಮೆಲೇ ಬಾಯ್ತೆರೆದು ಉಸಿರೆಳೆದುಕೊಂಡವು, ಬೆನ್ನು ಸೀಟಿಗೆ ಅಂಟಿಕೊಂಡಿತು. ನಮ್ಮ ಬ್ಯಾಂಕಿನವರ ಹೊಸ ಕಾರುಗಳಲ್ಲಿ ಕೂತಿದ್ದೇನೆ. ಅವು ಇದಕ್ಕಿಂತ ಜೋರಾಗಿ ಹೋಗುತ್ತವೆ, ಆದರೆ ಹೋದದ್ದು ನಮಗೆ ತಿಳಿಯುವುದಿಲ್ಲ. ಇದರಲ್ಲಿ ರಸ್ತೆಯ ಒಂದೊಂದು ಹರಳೂ ಅಂಗೈಗೆ ಬಂದು ಮಾತಾಡಿಸುತ್ತದೆ. ನಾನು ಏನು ಮಾಡಿದೆನೋ ಅದನ್ನೇ ಕಾರು ಮಾಡಿತು, ಹೆಚ್ಚಿಲ್ಲ ಕಡಿಮೆಯಿಲ್ಲ. ನನ್ನ ಮಾತನ್ನು ಇಷ್ಟು ಚೆನ್ನಾಗಿ ಕೇಳುವವರು ನಮ್ಮ ಮನೆಯಲ್ಲಿ ಇನ್ಯಾರೂ ಇರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಬಹಳ ಸಂತೋಷವಾಯಿತು.

ಅತ್ತೆಯ ಕಡೆ ಹೆದರುತ್ತ ನೋಡಿದೆ. ತೋಳಿಗೆ ಹತ್ತಿ ಒತ್ತಿಕೊಂಡು ನೇರ ಮುಂದಕ್ಕೆ ನೋಡುತ್ತ ಕೂತಿದ್ದರು.

“ಮನಿ ಬಂತು ಅತ್ತೆ” ಎಂದೆ. ಅವರ ಜತೆ ಇದ್ದು ಇದ್ದು ನನಗೂ ‘ಮನಿ’ ಎಂದೇ ಬರುತ್ತದೆ.

“ಬಂದ್ರ ಬರಲಿ” ಎಂದರು ಅತ್ತೆ. “ಅದು ಎಲ್ಲಿ ಓಡಿಹೊಕ್ಕೈತಿ? ಇನ್ನೊಂದು ಸುತ್ತು ಹಾಕು.”

ಹಲಸೂರು ಕೆರೆಯ ಸುತ್ತ ಸುತ್ತಿದೆವು. ಆಮೇಲೆ ಯಾಕಾಗಬಾರದೆಂದು ಹಳೇ ಮದ್ರಾಸ್ ರಸ್ತೆಗೂ ಹೋದೆವು. ನಮ್ಮನೆಯವರ ಫೋನ್ ಬಂತು. “ಎಲ್ಲಿದ್ದೀರಾ? ಅಮ್ಮ ಇನ್ನೂ ಏನೂ ತಿಂದಿಲ್ಲ!” ಎಂದು ಆತಂಕದಿಂದ ಕೇಳಿದರು. ಅತ್ತೆ ಫೋನ್ ಕಸಿದುಕೊಂಡರು. ರಸ್ತೆಯಲ್ಲಿ ಒಂದು ನಾಯಿ ಬಿಟ್ಟರೆ ಇನ್ನೊಂದು ಪ್ರಾಣಿ ಇರಲಿಲ್ಲ.

“ತಡಾ ಆಗತೈತೋ ಮಗನ” ಎಂದರು ಅತ್ತೆ. “ಟ್ರಾಫಿಕ್ಕು ಭಾಳ ಐತಿ.”

೪. ನೋಡುವ ಶಾಸ್ತ್ರ

ಆದರೆ ಮಾತು ಕೊಟ್ಟಾಗಿತ್ತು, ನನ್ನ ಹಟಕ್ಕೆ ಹೊಸ ಕಾರನ್ನೂ ಬುಕ್ ಮಾಡಿಯಾಗಿತ್ತು. ಹಸಿರು ಕಾರನ್ನು ಕೇಳಿಕೊಂಡು ಮಾರತ್ತಹಳ್ಳಿಯಿಂದ ಒಬ್ಬರ ಫೋನ್ ಬಂದಿದ್ದಾಗ ಬೇಗ ಬನ್ನಿ ಎಂದವಳೂ ನಾನೇ. “ಭಾನುವಾರ ನೋಡೋಕೆ ಬರ್ತಾರಂತೆ ಅಮ್ಮ” ಎಂದರು ನಮ್ಮನೆಯವರು.

‘ನೋಡೋಕೆ ಬರುವುದು’ ಎಂದರೆ ಅತ್ತೆಗೆ ಗೊತ್ತಿರುವ ಪದ್ಧತಿ ಒಂದೇ. ಹುಬ್ಬಳ್ಳಿಯಲ್ಲಿ ಮೂವರು ಹೆಣ್ಣುಮಕ್ಕಳನ್ನು ಹಾಗೆಯೇ ದಾಟಿಸಿದವರು. ಕಾರಾದರೇನು, ನಮ್ಮ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುವಂಥದ್ದು ತಾನೇ? ಬೆಳಿಗ್ಗೆಯೇ ಕಾರಿಗೆ ತಲೆಸ್ನಾನವಾಯಿತು. ಬಾನೆಟ್ಟಿಗೆ ಕುಂಕುಮ, ಕನ್ನಡಿಗೆ ಮಲ್ಲಿಗೆ ದಂಡೆ. ಅತ್ತೆ ಇಳಕಲ್ ಸೀರೆ ಉಟ್ಟರು. ಅಡಿಗೆಮನೆಯಲ್ಲಿ ಉಪ್ಪಿಟ್ಟು, ಶಿರಾ.

ಬಂದವರು ಒಳ್ಳೆಯ ಮನುಷ್ಯರು, ನಲವತ್ತರ ಆಸುಪಾಸು. ಕಾರು ಕಂಡ ಕೂಡಲೇ ಚಪ್ಪಲಿ ಬಿಟ್ಟರು. ಸುತ್ತಲೂ ನಡೆದು ನೋಡಿ, ಎಂಜಿನ್ ನೋಡಿ, “ಸಾರ್, ಇದು ರತ್ನ ಸಾರ್. ನಿಮ್ಮಷ್ಟು ಚೆನ್ನಾಗಿ ಯಾರೂ ಇಟ್ಕೊಳ್ಳಲ್ಲ” ಎಂದರು. ನಮ್ಮನೆಯವರ ಮುಖ ಅರಳಿ, ಯಾಕೆ ಬಂದಿದ್ದಾರೆಂಬುದು ನೆನಪಾಗಿ ಬಾಡಿತು.

ಒಳಗೆ ಕೂರಿಸಿ ಶಿರಾ ಕೊಟ್ಟ ಮೇಲೆ ಅತ್ತೆ ಕೇಳತೊಡಗಿದರು. “ಮೂಲ ಊರು ಯಾವ್ದಪಾ? ಅಣ್ಣತಮ್ಮ ಎಷ್ಟು ಮಂದಿ? ಕುಡಿಯೂದು ಗಿಡಿಯೂದು?” ಪಾಪ, ಅವರು ಶಿರಾ ನುಂಗುತ್ತ ಎಲ್ಲದಕ್ಕೂ ವಿನಯದಿಂದ ಉತ್ತರಿಸಿದರು.

“ನಿಮ್ಮ ಮನ್ಯಾಗ ಇದನ್ನ ಹೆಂಗ ಇಟಗೋತೀರಿ?”

“ಅದರ ಚಿಂತೇನೇ ಬೇಡ ಅಮ್ಮ. ಇಂಥ ಕಾರುಗಳಿಗೆ ಅಂತಾನೇ ದೊಡ್ಡ ಎಸಿ ರೂಮ್ ಕಟ್ಸಿದೀನಿ. ಧೂಳಿಲ್ಲ, ಬಿಸಿಲಿಲ್ಲ. ಮೇಲೆ ರೇಷ್ಮೆಯಂಥ ಹೊದಿಕೆ.”

ಅತ್ತೆಗೆ ಸಮಾಧಾನವಾದಂತೆ ಕಂಡಿತು. “ದಿನಾ ಓಡಸ್ತಿ? ಇಲ್ಲಾ ಐತಾರಕ್ಕೊಮ್ಮೆ?”

“ಅಯ್ಯೋ, ಓಡ್ಸೋದಾ?” ಎಂದು ಅವರು ನಕ್ಕರು. “ಇಲ್ಲಮ್ಮ, ಓಡ್ಸಲ್ಲ. ಓಡ್ಸಿದಷ್ಟೂ ಇದರ ಬೆಲೆ ಇಳಿಯುತ್ತೆ. ಸುಮ್ನೆ ನಿಲ್ಸಿದ್ರೆ ವರ್ಷ ವರ್ಷ ಏರ್ತಾ ಹೋಗುತ್ತೆ. ನೋಡ್ಕೊಂಡು ಖುಷಿ ಪಡೋದು, ಅಷ್ಟೇ.”

ಅತ್ತೆಯ ಕೈಯಲ್ಲಿದ್ದ ಶಿರಾದ ಸೌಟು ಅಲ್ಲೇ ನಿಂತಿತು. ನಮ್ಮನೆಯವರು ಎದ್ದು ಹೋಗಿ ಗೂಟದಿಂದ ಕೀ ತೆಗೆದುಕೊಂಡು ಬಂದರು. ಕೊಟ್ಟ ಮಾತಿಗೆ ತಪ್ಪುವ ಮನುಷ್ಯ ಅಲ್ಲ ಅದು. ಕೀಯನ್ನು ನನ್ನ ಅಂಗೈಯಲ್ಲಿಟ್ಟು, “ನೀನೇ ಕೊಡು” ಎಂದರು. ಆ ಕಾರನ್ನು ಬೈದುಕೊಂಡೇ ಇಷ್ಟು ವರ್ಷ ಕಳೆದವಳು ನಾನು. ಅದು ರೇಷ್ಮೆ ಹೊದ್ದುಕೊಂಡು ಬಾಯಿ ಮುಚ್ಚಿ ತಣ್ಣಗೆ ನಿಂತಿರುವುದನ್ನು ನೆನೆದು ಕೀಯನ್ನು ಮುಷ್ಟಿಯಲ್ಲಿ ಬಿಗಿ ಹಿಡಿದೆ.

“ಈ ಸಂಬಂಧ ಬೇಡ” ಎಂದುಬಿಟ್ಟೆ.

ನಮ್ಮನೆಯವರು ಕುರ್ಚಿ ಇಲ್ಲದ ಕಡೆ ಕೂರಲು ಹೋಗಿ ಸಾವರಿಸಿಕೊಂಡರು. ಬಂದವರು ತಟ್ಟೆ ಕೆಳಗಿಟ್ಟು ನನ್ನನ್ನೇ ನೋಡಿದರು. “ಮೇಡಂ, ಫೋನಲ್ಲಿ ನೀವೇ ಅಲ್ವಾ ಹೇಳಿದ್ದು? ಒಂದೇ ಪಾರ್ಕಿಂಗ್ ಇದೆ, ಹೊಸ ಕಾರ್ ಬರ್ತಿದೆ, ಬೇಗ ಬಂದು ತಗೊಂಡ್ ಹೋಗಿ ಅಂತ? ಈಗ ಕೊಡಲ್ಲ ಅಂದ್ರೆ ಹೊಸಾ ಕಾರನ್ನ ಎಲ್ಲಿ ನಿಲ್ಲಿಸ್ತೀರಾ?”

ಅವರ ಮಾತಿನಲ್ಲಿ ನ್ಯಾಯವಿತ್ತು. ನಾನು ನಮ್ಮನೆಯವರನ್ನು ನೋಡಿದೆ, ಅವರು ನನ್ನನ್ನು ನೋಡಿದರು. ಅತ್ತೆ ಮಾತ್ರ ಅವರ ತಟ್ಟೆಗೆ ಇನ್ನೊಂದು ಸೌಟು ಶಿರಾ ಪ್ರೀತಿಯಿಂದ ಬಡಿಸಿದರು.

“ನಿನ್ನ ಎಸಿ ರೂಮಿನ್ಯಾಗ ನಿಲ್ಲಸ್ತೀವಿ ತಗೋಪಾ” ಎಂದರು. “ಇದು ಮನ್ಯಾಗ ಇರೂತನಕ ಆ ಹೊಸಾದನ್ನೂ ಯಾರೂ ಓಡಸೂದಿಲ್ಲ.”