ಗೋಲು ಹೊಡೆಯದ, ಗೋಲು ತಡೆಯದ ಹುಡುಗ

ಇವತ್ತಾದರೂ ಮುಖ ಗಂಟಿಕ್ಕಿಕೊಂಡು ಇರಬೇಕು ಎಂದು ದಿನಾ ಬೆಳಿಗ್ಗೆ ನಿರ್ಧರಿಸಿಯೇ ನಾನು ಶಾಲೆಗೆ ಹೋಗುತ್ತಿದ್ದೆ. ಪಿ.ಟಿ. ಮಾಸ್ತರ ಹಲ್ಲು ಬಿಡಬಾರದು ಎಂಬುದು ನಮ್ಮ ಹೆಡ್‌ಮಾಸ್ತರರ ಖಡಕ್ ಅಭಿಪ್ರಾಯ. ಆದರೆ ಮಧ್ಯಾಹ್ನದ ಗಂಟೆ ಬಾರಿಸುವುದರೊಳಗೆ ಮೈದಾನದಲ್ಲಿ ಏನಾದರೊಂದು ಆಗಿ, ನಾನು ಬೇವಿನ ಮರದ ಹಿಂದೆ ಹೋಗಿ ನಕ್ಕು ಬರಬೇಕಾಗುತ್ತಿತ್ತು. ಬನಹಟ್ಟಿ ಹತ್ತಿರದ ಆ ಹೈಸ್ಕೂಲಿನಲ್ಲಿ ಫುಟ್‌ಬಾಲ್ ಶುರು ಮಾಡಿದ ಮೇಲಂತೂ ಆ ಮರದ ಹಿಂದೆ ಕಾಲುದಾರಿಯೇ ಬಿದ್ದಿತ್ತು.

೧. ಮುತ್ಯಾನ ವಿಚಾರಣೆ

ನಮ್ಮ ಶಾಲೆಯಲ್ಲಿ ದಮ್ಮು ಇದ್ದವರು ಕಬಡ್ಡಿಗೆ, ಚುರುಕಾದವರು ಖೋಖೋಗೆ, ಉದ್ದನೆಯವರು ವಾಲಿಬಾಲಿಗೆ, ಗಟ್ಟಿಮುಟ್ಟಾದವರು ಗರಡಿಮನೆಗೆ ಹೋಗುತ್ತಿದ್ದರು. ಉಳಿದವರನ್ನು ಒಟ್ಟು ಹಾಕಿ ಮಾಡಿದ್ದೇ ಫುಟ್‌ಬಾಲ್ ಟೀಮು. ಉಳಿದಿದ್ದು ಸರಿಯಾಗಿ ಹನ್ನೊಂದೇ ಜನ ಆದ್ದರಿಂದ ಆಯ್ಕೆಯಲ್ಲಿ ಯಾರಿಗೂ ಅನ್ಯಾಯವಾಗಲಿಲ್ಲ.

ಅವರಲ್ಲಿ ಒಬ್ಬ ಕುರಿ ಕಾಯುವ ಮನೆತನದ ಹುಡುಗ, ಒಂಬತ್ತನೆಯ ಇಯತ್ತೆ. ಎಷ್ಟು ಓಡಿದರೂ ದಣಿಯುತ್ತಿರಲಿಲ್ಲ. ಒಂದೇ ಕೆಟ್ಟ ಚಾಳಿ ಎಂದರೆ ಚೆಂಡು ನೋಡುತ್ತಿರಲಿಲ್ಲ. ಆಟದ ತುಂಬ ಕತ್ತು ಆ ಕಡೆ, ಈ ಕಡೆ, ಹಿಂದೆ ಹೊರಳಿಸುತ್ತಲೇ ಇರುತ್ತಿದ್ದ. ‘ಚೆಂಡ ನೋಡಲೇ’ ಎಂದು ಎರಡು ವರ್ಷ ಕೂಗಿ ಕೂಗಿ ನನ್ನ ಗಂಟಲು ಕೆಟ್ಟಿತೇ ಹೊರತು ಅವನ ಚಾಳಿ ಬಿಡಲಿಲ್ಲ. ಅವನನ್ನು ಮಿಡ್‌ಫೀಲ್ಡಿನಲ್ಲಿ ನಿಲ್ಲಿಸಿದ್ದೆ. ಕಾರಣ ಇಷ್ಟೇ, ಬೇರೆ ಎಲ್ಲ ಜಾಗ ತುಂಬಿದ್ದವು.

ಒಂದು ದಿನ ಅವನ ಮುತ್ಯಾ ಬಂದ. ಹಣೆ ತುಂಬ ಬೀರಪ್ಪನ ಭಂಡಾರದ ಅರಿಶಿನ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ತನಗೆ ವಯಸ್ಸಾಯಿತು, ಕುರಿ ಹಿಂದೆ ಹೋಗಲು ಮೊಮ್ಮಗ ಬೇಕು, ಶಾಲೆ ಬಿಡಿಸುತ್ತೇನೆ ಎಂದ. ಹುಡುಗ ನನ್ನ ಬೆನ್ನ ಹಿಂದೆ ನಿಂತು ಅಂಗಿ ಜಗ್ಗತೊಡಗಿದ. ಅವನಿಗೆ ಟಿವಿಯಲ್ಲಿ ಬರುವಂಥ ದೊಡ್ಡ ಟೀಮಿನಲ್ಲಿ ಆಡಬೇಕೆಂಬ ಹುಚ್ಚು ಆಗಲೇ ಹಿಡಿದಿತ್ತು. ಗೋಗರೆದು, ಚಹಾ ಕುಡಿಸಿ, ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಹತ್ತನೆಯ ಇಯತ್ತೆ ಮುಗಿಯುವುದರೊಳಗೆ ಯಾವುದಾದರೂ ದೊಡ್ಡ ಟೀಮಿನವರು ಹುಡುಗನನ್ನು ಕರೆದರೆ ಹೋಗಲಿ, ಇಲ್ಲದಿದ್ದರೆ ಕೋಲೂ ಕಂಬಳಿಯೂ ಅವನ ಹೆಗಲಿಗೆ.

ಗೇಟಿನ ತನಕ ಹೋದ ಮುತ್ಯಾ ಏನೋ ನೆನಪಾಗಿ ತಿರುಗಿ ಬಂದ.

‘ಮಾಸ್ತರ, ನಮ್ಮ ಹುಡುಗ ಗೋಲು ಹೊಡಿತಾನೇನ್ರಿ?’

‘ಇಲ್ಲ ಅಜ್ಜಾರ, ಅದಕ್ಕ ಮುಂದಿನವರು ಅದಾರ.’

‘ಗೋಲು ತಡಿತಾನೇನು?’

‘ಅದಕ್ಕ ಹಿಂದಿನವರು ಅದಾರ. ಇಂವ ನಡುವಿನಾಂವ.’

ಮುತ್ಯಾ ಕೋಲೂರಿ ನಿಂತ. ‘ಹೊಡಿಯಾಂವನೂ ಅಲ್ಲ, ತಡಿಯಾಂವನೂ ಅಲ್ಲ. ಇಂಥಾಂವ ನಮ್ಮ ಮನ್ಯಾಗ ಆಗಲೇ ಒಬ್ಬಾಂವ ಅದಾನ್ರಿ. ನಮ್ಮ ಅಳಿಯ.’

೨. ಸೆರಗಿದ್ದ ಬಲೆ

ಗೋಲಿಗೆ ಬೋರ್‌ವೆಲ್ಲಿನ ಎರಡು ಹಳೆಯ ಪೈಪು ನೆಟ್ಟು, ಮೇಲೆ ಬಿದಿರು ಕಟ್ಟಿದ್ದೆವು. ಬಲೆ ಇರಲಿಲ್ಲ. ನಮ್ಮ ಗೋಲ್‌ಕೀಪರನ ಅಪ್ಪ ಕೈಮಗ್ಗದ ನೇಕಾರ. ಊರೆಲ್ಲ ನೂಲಿರುವಾಗ ಬಲೆಗೆ ಎಲ್ಲಿಗೋ ಹೋಗುವುದು ಮರ್ಯಾದೆಯಲ್ಲ ಎಂದು ತಾವೇ ಮುಂದೆ ಬಂದರು. ಹೇಗಿರಬೇಕು ಎಂದು ಕೇಳಿದರು. ಚೆಂಡು ಆಚೆ ಹೋಗಬಾರದು, ಅಷ್ಟೇ ಎಂದೆ.

ಎಂಟು ದಿನದ ಮೇಲೆ ಸೈಕಲ್ಲಿನ ಹಿಂದೆ ಒಂದು ದೊಡ್ಡ ಗಂಟು ಬಂತು. ಬಿಚ್ಚಿ ನೋಡಿದರೆ ಚೆಂಡು ಹಾಗಿರಲಿ, ಸೊಳ್ಳೆಯೂ ತೂರದಷ್ಟು ಒತ್ತಾದ ನೇಯ್ಗೆ. ಎರಡೂ ಬದಿಗೆ ಕೆಂಪು ದಡಿ, ಒಂದು ತುದಿಗೆ ಸೆರಗು. ಮಗ ನಿಲ್ಲುವ ಜಾಗ ಸಪ್ಪಗಿರಬಾರದೆಂದು ಸೆರಗು ಇಟ್ಟರಂತೆ. ಆ ಮನುಷ್ಯನ ಮುಖದ ಮೇಲಿನ ಖುಷಿ ನೋಡಿ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಆಷಾಢದಲ್ಲಿ ಜಮಖಂಡಿಯ ಟೀಮು ಆಡಲು ಬಂತು. ನಮ್ಮ ಕಡೆ ಆಷಾಢದ ಗಾಳಿ ಎಂದರೆ ನಿಂತ ಸೈಕಲ್ಲು ಮಲಗಿಸುವ ಗಾಳಿ. ಅವರ ಮುಂದಿನ ಆಟಗಾರ ನಮ್ಮವರನ್ನೆಲ್ಲ ದಾಟಿ, ಗೋಲ್‌ಕೀಪರನನ್ನೂ ಕೆಡವಿ, ಖಾಲಿ ಗೋಲಿನ ಎದುರು ಒಬ್ಬನೇ ನಿಂತು ಆರಾಮಾಗಿ ಒದ್ದ. ಆಗಲೇ ಒಂದು ದೊಡ್ಡ ಗಾಳಿ ಬೀಸಿತು. ಬಲೆ ಉಬ್ಬಿತು, ಪೈಪು ಕಿತ್ತು ಬಂದವು, ಇಡೀ ಗೋಲು ಎದ್ದು ನಾಲ್ಕು ಮಾರು ಹಿಂದೆ ಹೋಗಿ ಅಂಗಾತ ಮಲಗಿತು. ಚೆಂಡು ಬರುವ ಹೊತ್ತಿಗೆ ಅಲ್ಲಿ ಗೋಲೇ ಇರಲಿಲ್ಲ. ಹೊಡೆದ ಹುಡುಗ ತಲೆ ಮೇಲೆ ಕೈ ಹೊತ್ತು ಕೂತ. ಇಲ್ಲದ ಗೋಲಿನೊಳಗೆ ಗೋಲು ಹೇಗೆ ಕೊಡುವುದು ಎಂದು ರೆಫರಿ ಕೊಡಲಿಲ್ಲ.

ಆಟ ಮುಗಿದ ಮೇಲೆ ನಾನು ನೇಕಾರರಿಗೆ ಮೆಲ್ಲಗೆ ವಿಷಯ ಹೇಳಿದೆ. ಅವರಿಗೆ ಸ್ವಲ್ಪ ಬೇಸರವಾಯಿತು. ‘ಚೆಂಡು ಹೋಗಬಾರದು ಅಂದ್ರಿ, ಹೋಗಲಿಲ್ಲ. ಗಾಳಿ ಹೋಗಬೇಕು ಅಂತ ನೀವು ಹೇಳೇ ಇಲ್ಲಲ್ರಿ’ ಎಂದರು. ಬಲೆ ವ್ಯರ್ಥವಾಗಲಿಲ್ಲ. ಆ ವರ್ಷ ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಅದೇ ರಂಗದ ಪರದೆಯಾಯಿತು, ಸೆರಗನ್ನು ಎಲ್ಲರೂ ಹೊಗಳಿದರು.

೩. ಕಾಲಂ ಇಲ್ಲದ ಚೆಂಡು

ಹಿಪ್ಪರಗಿ ಬ್ಯಾರೇಜಿನ ನೀರು ಬಂದ ಮೇಲೆ ಕಬ್ಬು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ನಮ್ಮ ಶಾಲೆಯ ಕಂಪೌಂಡಿನ ತನಕ ಬಂದಿತ್ತು. ಶಾಲೆಗಿದ್ದದ್ದು ಒಂದೇ ಫುಟ್‌ಬಾಲು. ಒಂದು ಸಂಜೆ ನಮ್ಮ ಬ್ಯಾಕ್ ಆಡುವ ಹುಡುಗ ಯಾರ ಮೇಲಿನ ಸಿಟ್ಟೋ ಏನೋ, ಅದನ್ನು ಕಂಪೌಂಡ್ ದಾಟಿಸಿ ಎರಡಾಳು ಎತ್ತರ ಬೆಳೆದ ಕಬ್ಬಿನೊಳಗೆ ಒದ್ದ. ಹೊಲದ ಯಜಮಾನರು ಒಳಗೆ ಬಿಡಲಿಲ್ಲ. ಹಾವಿವೆ, ಮೇಲಾಗಿ ಹುಡುಗರು ಕಬ್ಬು ಮುರಿಯುತ್ತಾರೆ, ಕಟಾವಿಗೆ ಸಿಕ್ಕೇ ಸಿಗುತ್ತದೆ ಎಂದರು. ಕಟಾವಿಗೆ ಇನ್ನೂ ಐದು ತಿಂಗಳಿತ್ತು.

ಹೊಸ ಚೆಂಡು ತರಿಸಿ ಎಂದು ಹೆಡ್‌ಮಾಸ್ತರರ ಹತ್ತಿರ ಹೋದೆ. ಅವರು ಸ್ಟಾಕ್ ರಜಿಸ್ಟರ್ ತೆಗೆದು, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿದರು. ಚೆಂಡು ಹರಿದಿದ್ದರೆ ಹರಿದ ಚೆಂಡು ಜಮಾ ಮಾಡಬೇಕು, ಕಳೆದಿದ್ದರೆ ಕಳೆದಿದೆ ಎಂದು ನಾನು ಬರೆದುಕೊಡಬೇಕು. ‘ಇದು ಹರಿದಿಲ್ಲ, ಕಳದೂ ಇಲ್ಲ. ಎಲ್ಲಿ ಐತಿ ಅಂತ ಊರಿಗೆಲ್ಲ ಗೊತ್ತೈತಿ. ಕಬ್ಬಿನ್ಯಾಗ ಐತಿ ಅನ್ನಾಕ ಕಾಲಂ ಇಲ್ಲರಿ’ ಎಂದು ರಜಿಸ್ಟರ್ ಮುಚ್ಚಿದರು.

ಹೀಗಾಗಿ ಐದು ತಿಂಗಳು ನಮ್ಮ ಟೀಮು ಚೆಂಡಿಲ್ಲದೆ ಅಭ್ಯಾಸ ಮಾಡಿತು. ಚೆಂಡು ಇದೆ ಎಂದುಕೊಂಡು ಓಡುವುದು, ಪಾಸ್ ಕೊಟ್ಟೆ ಎಂದುಕೊಂಡು ಖಾಲಿ ಜಾಗಕ್ಕೆ ಹೋಗುವುದು. ಮೊದಲ ಎರಡು ದಿನ ಎಲ್ಲರೂ ನಕ್ಕರು, ಆಮೇಲೆ ರೂಢಿಯಾಯಿತು. ನಮ್ಮ ಕುರಿಯ ಹುಡುಗನಿಗೆ ಮಾತ್ರ ಯಾವ ವ್ಯತ್ಯಾಸವೂ ಆಗಲಿಲ್ಲ, ಚೆಂಡು ಇದ್ದಾಗಲೂ ಅವನು ನೋಡುತ್ತಿರಲಿಲ್ಲವಲ್ಲ. ಗೋಲ್‌ಕೀಪರ್ ಆ ಆಟದಲ್ಲೂ ಎರಡು ಗೋಲು ಬಿಟ್ಟುಕೊಟ್ಟು ಬೈಸಿಕೊಂಡ.

ಒಮ್ಮೆ ಶಾಲಾ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಇಡೀ ಮೈದಾನದ ತುಂಬ ಹುಡುಗರು ಬೆವರು ಸುರಿಸಿ ಓಡುವುದನ್ನು ಕಂಡು ನಿಂತೇಬಿಟ್ಟರು. ಎಷ್ಟು ಹುಡುಕಿದರೂ ಅವರಿಗೆ ಚೆಂಡು ಕಾಣಲಿಲ್ಲ. ಇದು ಯಾವ ಆಟ ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಹೆಡ್‌ಮಾಸ್ತರರು ಕಣ್ಣು ಮಿಟುಕಿಸದೆ, ‘ಯೋಗ ಸರ್. ಓಡೂ ಯೋಗ’ ಎಂದರು. ಆ ಸಲ ನಮ್ಮ ಶಾಲೆಗೆ ಯೋಗದಲ್ಲಿ ‘ಅತ್ಯುತ್ತಮ’ ಬಂತು.

೪. ನಡೆದು ಹೊಡೆದ ಗೋಲು

ರನ್ನ ಬೆಳಗಲಿಯಲ್ಲಿ ಒಂದು ಪಂದ್ಯ. ಅಲ್ಲಿಯ ರೈತರೊಬ್ಬರು ತಮ್ಮ ಮುಧೋಳ ನಾಯಿಯನ್ನೂ ಆಟ ನೋಡಲು ಕರೆತಂದಿದ್ದರು. ಆ ನಾಯಿಯ ಎದುರು ಯಾವುದೂ ಓಡಬಾರದು. ನಮ್ಮ ಬಲಗಡೆಯ ಹುಡುಗ ಚೆಂಡು ತೆಗೆದುಕೊಂಡು ಓಡಿದ್ದೇ ತಡ, ಅದು ಹಗ್ಗ ಕಿತ್ತುಕೊಂಡು ಬಂತು. ಆ ಹುಡುಗ ಅಷ್ಟು ವೇಗವಾಗಿ ಓಡಬಲ್ಲ ಎಂದು ನನಗೆ ಅಂದೇ ಗೊತ್ತಾದದ್ದು. ಚೆಂಡು ಬಿಟ್ಟು, ಮೈದಾನ ಬಿಟ್ಟು, ಹುಣಸೆ ಮರ ಹತ್ತಿ ಕೂತ.

ನಾಯಿ ವಾಪಸು ಬಂದು ಮೈದಾನದ ನಟ್ಟನಡುವೆ ನಿಂತಿತು. ಓಡಿದವರನ್ನು ಮಾತ್ರ ಅಟ್ಟುತ್ತದೆ ಎಂದು ಅಷ್ಟರಲ್ಲಿ ಎಲ್ಲರಿಗೂ ತಿಳಿದಿತ್ತು. ಎರಡೂ ಕಡೆಯವರು ನಿಂತಲ್ಲೇ ಗೂಟ ಹೊಡೆದಂತೆ ನಿಂತರು. ರೆಫರಿಯೂ ನಿಂತ, ಸೀಟಿ ಊದಲೂ ಅವನಿಗೆ ಧೈರ್ಯವಾಗಲಿಲ್ಲ.

ನಮ್ಮ ಕುರಿಯ ಹುಡುಗ ನಾಯಿಗಳ ಜೊತೆಗೇ ಬೆಳೆದವನು. ಚೆಂಡಿನ ಹತ್ತಿರ ಹೋಗಿ, ಅದನ್ನು ಮೆಲ್ಲಗೆ ತಳ್ಳಿಕೊಂಡು, ಸಂತೆಗೆ ಹೊರಟವನ ಹಾಗೆ ನಡೆದ. ನಾಯಿ ಒಮ್ಮೆ ಅವನ ಕಾಲು ಮೂಸಿ ಜೊತೆಗೇ ನಡೆಯಿತು. ಎದುರಿನ ಗೋಲ್‌ಕೀಪರ್ ನಾಯಿಯನ್ನೇ ನೋಡುತ್ತ ನಿಂತಿದ್ದ, ಚೆಂಡು ಅವನ ಪಕ್ಕದಿಂದ ಒಳಗೆ ಹೋಯಿತು. ಅವರು ತಕರಾರು ತೆಗೆದರು. ನಡೆಯಬಾರದು ಎಂದು ನಿಯಮದಲ್ಲಿ ಎಲ್ಲಿದೆ ಎಂದು ನಾನು ಜಗಳಕ್ಕೆ ನಿಂತು ಗೋಲು ಉಳಿಸಿಕೊಂಡೆ. ಶಾಲೆಯ ಎರಡು ವರ್ಷದಲ್ಲಿ ಅವನು ಹೊಡೆದ ಗೋಲು ಅದೊಂದೇ.

ಮುತ್ಯಾನ ಮನಸ್ಸು ಇದರಿಂದಲಾದರೂ ಕರಗೀತು ಎಂದು ಮರುದಿನವೇ ಹೋಗಿ, ನಿಮ್ಮ ಹುಡುಗ ಗೋಲು ಹೊಡೆದ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಮುತ್ಯಾ ಕಿವಿಗೊಟ್ಟು ಪೂರ್ತಿ ಕೇಳಿದ. ಆಮೇಲೆ, ‘ಆ ನಾಯಿ ಮಾರ್ತಾರೇನು ಕೇಳಿದ್ರ್ಯಾ?’ ಎಂದ.

೫. ಎಣಿಕೆ

ಹತ್ತನೆಯ ಪರೀಕ್ಷೆ ಮುಗಿಯಿತು. ಯಾರೂ ಕರೆಯಲಿಲ್ಲ. ಹುಡುಗ ಊಟ ಬಿಟ್ಟಿದ್ದಾನೆ ಎಂದು ಅವನ ಅವ್ವ ಹೇಳಿಕಳಿಸಿದಳು. ನನಗೂ ರಾತ್ರಿ ಅನ್ನ ಇಳಿಯಲಿಲ್ಲ, ಆಸೆ ಹುಟ್ಟಿಸಿದವನು ನಾನೇ ತಾನೆ. ಅಷ್ಟರಲ್ಲಿ ಬೆಂಗಳೂರಿನ ಒಂದು ದೊಡ್ಡ ಕ್ಲಬ್ಬಿನವರು ಎಳೆಯ ಆಟಗಾರರನ್ನು ಆರಿಸಲು ಬೆಳಗಾವಿಗೆ ಬರುತ್ತಾರೆ ಎಂದು ಪೇಪರಿನಲ್ಲಿ ಬಂತು. ಇದೊಂದೇ ಸಲ ಎಂದು ಮುತ್ಯಾನ ಕಾಲು ಹಿಡಿದೆ. ಮುತ್ಯಾ ಒಪ್ಪಿದ, ಆದರೆ ತಾನೂ ಬರುತ್ತೇನೆ ಎಂದ. ಆಗದಿದ್ದರೆ ಅಲ್ಲಿಂದಲೇ ಹುಡುಗನನ್ನು ಕುರಿ ಹತ್ತಿರ ಕರೆದೊಯ್ಯುವುದು, ಬಸ್ಸಿನ ಸುತ್ತು ಉಳಿಯುತ್ತದೆ ಎಂಬುದು ಅವನ ಲೆಕ್ಕ. ಹುಡುಗನ ಪಾಲಿನ ಕೋಲನ್ನೂ ಜೊತೆಗೇ ತಂದಿದ್ದ.

ಎಲ್ಲೆಲ್ಲಿಂದಲೋ ಬಂದಿದ್ದ ಹುಡುಗರನ್ನು ಹನ್ನೊಂದು ಹನ್ನೊಂದು ಮಾಡಿ ಆಡಿಸಿದರು. ಕೆಲವರು ಚೆಂಡನ್ನು ತಲೆ ಮೇಲೆ, ತೊಡೆ ಮೇಲೆ ಕುಣಿಸುತ್ತಿದ್ದರು. ನಮ್ಮವನು ಮಾತ್ರ ಯಥಾಪ್ರಕಾರ ಕತ್ತು ಹೊರಳಿಸುತ್ತ ಅಡ್ಡಾಡುತ್ತಿದ್ದ. ಚೆಂಡು ಬಂದರೆ ಒಂದೇ ಏಟಿಗೆ ಎಡಗಡೆಗೆ ಕಳಿಸಿಬಿಡುತ್ತಿದ್ದ. ಮತ್ತೆ ಬಂದರೆ ಮತ್ತೆ ಎಡಗಡೆಗೇ. ಆ ಕಡೆಯಿಂದಲೇ ಅವನ ಟೀಮು ಮೂರು ಗೋಲು ಹೊಡೆಯಿತು. ಹೊಡೆದವರು ಬೇರೆಯವರು. ಇವನ ಹೆಸರು ಯಾರು ಬರೆದುಕೊಳ್ಳುತ್ತಾರೆ ಎಂದು ನನ್ನ ಕಣ್ಣು ತುಂಬಿತು.

ಕೋಚ್ ಸೀಟಿ ಊದಿ ಅವನನ್ನು ಗೆರೆಯ ಹತ್ತಿರ ಕರೆದರು. ಮುತ್ಯಾ ಕೋಲು ಎತ್ತಿಕೊಂಡು ಎದ್ದೇಬಿಟ್ಟ. ನಾನೂ ಹಿಂದೆಯೇ ಓಡಿದೆ.

‘ಯಾಕಪ್ಪಾ ಬರೀ ಎಡಗಡೆಗೇ ಪಾಸ್ ಕೊಡ್ತೀಯ?’ ಎಂದು ಕೋಚ್ ಕೇಳಿದರು.

‘ಆ ಕಡೆ ಅವರಾಂವ ಒಬ್ಬ ಇಲ್ಲರಿ ಸರ್ರ. ಇಪ್ಪತ್ತೊಂದೇ ಮಂದಿ ಅದಾರ. ತಪ್ಪಿಸಿಕೊಂಡು ಭಾಳ ಹೊತ್ತಾತು.’

ಕೋಚ್ ತಿರುಗಿ ಬೆರಳು ಮಾಡಿ ಎಣಿಸಿದರು. ಅವರ ಸಹಾಯಕರಿಬ್ಬರೂ ಎಣಿಸಿದರು. ಇಪ್ಪತ್ತೊಂದೇ. ಎದುರು ಟೀಮಿನ ಬ್ಯಾಕ್ ಆಟಗಾರ ಯಾವಾಗ ಹೋದ, ಎಲ್ಲಿಗೆ ಹೋದ ಯಾರಿಗೂ ಗೊತ್ತಿರಲಿಲ್ಲ. ಈ ಹೊರಳಿ ಹೊರಳಿ ನೋಡುವುದನ್ನು ಯಾರು ಕಲಿಸಿದರು, ನಮ್ಮ ಹುಡುಗರಿಗೆ ಇದನ್ನು ಕಲಿಸುವುದರಲ್ಲೇ ನಮಗೆ ವರ್ಷಗಟ್ಟಲೆ ಹೋಗುತ್ತದೆ ಎಂದು ಕೋಚ್ ಕೇಳಿದರು. ಎರಡು ವರ್ಷ ಅದನ್ನು ಬಿಡಿಸಲು ಒದ್ದಾಡಿದ ನಾನು ಸುಮ್ಮನೆ ನನ್ನ ಬೂಟು ನೋಡಿಕೊಂಡೆ. ಹುಡುಗ ಮುತ್ಯಾನ ಕಡೆ ಕೈ ತೋರಿಸಿದ. ಹಿಂಡಿನಲ್ಲಿ ಕುರಿಯನ್ನು ಬೆರಳು ಮಾಡಿ ಎಣಿಸಬಾರದು, ನಡುವೆ ನಿಂತು ಕಣ್ಣಲ್ಲೇ ಎಣಿಸುತ್ತಿರಬೇಕು ಎಂಬುದು ಅವರ ಮನೆಯ ಕಟ್ಟಳೆ.

ಮುತ್ಯಾನಿಗೆ ಹೊಗಳಿಕೆ ಕಿವಿಗೆ ಬೀಳಲಿಲ್ಲ. ಒಂದು ತಪ್ಪಿಸಿಕೊಂಡಿದೆ ಎಂದು ಕೇಳಿದ ಮೇಲೆ ಅವನ ಜೀವ ನಿಲ್ಲುವುದುಂಟೇ. ಕೋಲು ಹಿಡಿದು ಹೊರಟವನು ಐದು ನಿಮಿಷದಲ್ಲಿ ಗೋಡೆಯ ಆಚೆಯಿಂದ ಬೀಳಗಿ ಕಡೆಯ ಹುಡುಗನೊಬ್ಬನನ್ನು ಮುಂದೆ ಹಾಕಿಕೊಂಡು ಬಂದ. ಬೆಳಗಾವಿಯಲ್ಲಿದ್ದ ಅವನ ಚಿಗವ್ವ ಡಬ್ಬಿ ತುಂಬ ಹೋಳಿಗೆ ತಂದಿದ್ದಳಂತೆ. ಹುಡುಗನ ಬಾಯಲ್ಲಿ ಇನ್ನೂ ಹೋಳಿಗೆ ಇತ್ತು. ಮುತ್ಯಾ ಅವನನ್ನು ಕೋಲಿನಿಂದಲೇ ಮೈದಾನದೊಳಗೆ ದಾಟಿಸಿ, ಒಮ್ಮೆ ಎಲ್ಲರ ಮೇಲೆ ಕಣ್ಣಾಡಿಸಿ, ‘ಇಪ್ಪತ್ತೆರಡು’ ಎಂದು ಸಮಾಧಾನ ಮಾಡಿಕೊಂಡ.

ಸಂಜೆ ಕೋಚ್ ಮುತ್ಯಾನ ಹತ್ತಿರ ಬಂದು, ಮೊಮ್ಮಗನನ್ನು ನಮಗೆ ಕೊಡಿ, ನಮ್ಮಲ್ಲೇ ಇಟ್ಟುಕೊಂಡು ತಯಾರು ಮಾಡುತ್ತೇವೆ, ಮುಂದೆ ಇದೇ ಅವನ ನೌಕರಿಯಾಗುತ್ತದೆ ಎಂದು ಕೇಳಿಕೊಂಡರು. ಮುತ್ಯಾ ತಂದಿದ್ದ ಕೋಲನ್ನು ಹುಡುಗನ ಕೈಗೆ ಕೊಡಲಿಲ್ಲ, ತನ್ನ ಕೋಲಿನ ಜೊತೆಗೇ ಸೇರಿಸಿ ಹಿಡಿದುಕೊಂಡ. ನಾನು ನಾಚಿಕೆ ಬಿಟ್ಟು ಅತ್ತೆ.

‘ಒಯ್ಯಿರಿ’ ಎಂದ ಕೊನೆಗೆ. ‘ಆದ್ರ ದಿನಾ ಮುಂಜಾನಿ ಒಮ್ಮಿ, ಸಂಜಿಕ ಒಮ್ಮಿ ಎಲ್ಲಾರನೂ ಎಣಿಸಬೇಕು ನೋಡ್ರಿ.’

ಖಂಡಿತ ಎಣಿಸುತ್ತೇನೆ ಎಂದು ಕೋಚ್ ಕೈಮುಗಿದರು. ಮುತ್ಯಾ ಅವರ ಮುಖ ನೋಡಿದ. ಅತ್ತ ಹೋಳಿಗೆ ಡಬ್ಬಿ ಹಿಡಿದು ನಿಂತಿದ್ದ ಹುಡುಗನನ್ನು ನೋಡಿದ. ಮತ್ತೆ ಕೋಚ್ ಮುಖ ನೋಡಿದ.

‘ಬ್ಯಾಡ್ರಿ, ನಿಮ್ಮ ಕಡೆ ಆಗೂದಿಲ್ಲ ಅದು. ಎಣಿಸಾಕ ನಮ್ಮ ಹುಡುಗನ್ನ ಹಚ್ಚರಿ.’